ಸದಸ್ಯರ ಪಾಳಿಯಲ್ಲೇ ಟರ್ಫ್ ಪಿಚ್: ನಮ್ಮ ಕ್ಲಬ್‌ನಲ್ಲಿ ಕೈಗೂಡಿದ ಬಗೆ

ಈ ಸಲದ ಕೊನೆಯ ಪಂದ್ಯದ ಬೆಳಿಗ್ಗೆ 16 ಅಡಿ ಎತ್ತರದಿಂದ ಬಿಟ್ಟ ಚೆಂಡು ನಮ್ಮ ಕ್ರಿಕೆಟ್ ಕ್ಲಬ್‌ನ ಟರ್ಫ್ ಪಿಚ್ (ಮಣ್ಣು ಹಾಸಿ ಹುಲ್ಲು ಬೆಳೆಸಿದ ಆಟದ ಪಟ್ಟಿ) ಮೇಲೆ 23 ಅಂಗುಲ ಪುಟಿಯಿತು. ಎರಡು ವರ್ಷದ ಹಿಂದೆ ಅದೇ ಜಾಗದಲ್ಲಿ 11 ದಾಟಿದ್ದಿಲ್ಲ. ಈ ಪರೀಕ್ಷೆ ಗೊತ್ತಿದ್ದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ: 15ಕ್ಕಿಂತ ಕೆಳಗೆ ಸತ್ತ ಪಿಚ್, 20ರಿಂದ 25 ಒಳ್ಳೆಯ ವೇಗದ್ದು, 30 ದಾಟಿದರೆ ಕ್ಲಬ್ ಬ್ಯಾಟರ್‌ಗಳಿಗೆ ಕಷ್ಟ. ಸಂಬಳದ ಕ್ಯುರೇಟರ್ (ಪಿಚ್ ನೋಡಿಕೊಳ್ಳುವವರು) ಇಲ್ಲದೆ, ಸದಸ್ಯರ ಕೈಯಲ್ಲೇ ಟರ್ಫ್ ಆಗುವುದಿಲ್ಲ, ಎರಡು ವಾರ ಹುರುಪು ತೋರಿಸಿ ಎಲ್ಲರೂ ಕೈಬಿಡುತ್ತಾರೆ, ಮತ್ತೆ ಮ್ಯಾಟ್ ಹಾಸುತ್ತೀರಿ ಎಂದವರೇ ಹೆಚ್ಚು. ಮ್ಯಾಟ್ ಮಾರಿ ಆಗಿದೆ. ಆ 23 ಒಂದು ದಿನದ ಅದೃಷ್ಟವೂ ಅಲ್ಲ. ಕೊನೆಯ ಏಳೆಂಟು ಪಂದ್ಯಗಳಲ್ಲಿ 20ಕ್ಕಿಂತ ಕೆಳಗಿಳಿದದ್ದು ಒಂದೇ ಸಲ, ಅದೂ ಮಳೆಯ ವಾರದಲ್ಲಿ.

ಮೊದಲ ವರ್ಷ ಕೆಟ್ಟದ್ದು ಮಣ್ಣಿನಿಂದ. ಮಾರಿದವರು 'ಪಿಚ್ ಮಣ್ಣು' ಎಂದರು, ನಾವು ಕೈಯಲ್ಲಿ ಹಿಸುಕಿ ನೋಡಿ ಒಪ್ಪಿಕೊಂಡೆವು. ಹಾಸಿ, ನೀರು ಹಾಯಿಸಿ, ರೋಲರ್ ಎಳೆದ ಮೇಲೆ ಮೇಲ್ಮೈ ಕನ್ನಡಿಯಂತೆ ಹೊಳೆಯಿತು. ಮೂರನೇ ಪಂದ್ಯಕ್ಕೆ ಗುಡ್ ಲೆಂಗ್ತ್ ಜಾಗದಲ್ಲಿ, ಅಂದರೆ ಚೆಂಡು ಹೆಚ್ಚಾಗಿ ಬೀಳುವ ಕಡೆ, ಚಕ್ಕೆ ಏಳತೊಡಗಿತು. ಚಕ್ಕೆ ಎತ್ತಿದರೆ ಅಡಿಯಲ್ಲಿ ಬರೀ ಪುಡಿ, ನಡುವೆ ಕಡಲೆ ಗಾತ್ರದ ಸುಣ್ಣಕಲ್ಲು. ಕಲ್ಲಿನ ಮೇಲೆ ಬಿದ್ದ ಚೆಂಡು ಎತ್ತ ಹೋಗುತ್ತದೆ ಎಂದು ಹೇಳಲಾಗದು. ಅಲ್ಲಿಗೇ ಪಂದ್ಯ ನಿಲ್ಲಿಸಿದೆವು. ಖರ್ಚಾದ ಒಟ್ಟು ಹಣದಲ್ಲಿ ಕಾಲು ಭಾಗ ಆ ಮಣ್ಣಿನ ಜೊತೆಗೇ ಹೋಯಿತು.

ಈಗ ಪರೀಕ್ಷೆ ಮಾಡದೆ ಒಂದು ಬುಟ್ಟಿ ಮಣ್ಣೂ ಗೇಟಿನೊಳಗೆ ಬರುವುದಿಲ್ಲ. ಪರೀಕ್ಷೆ ಎರಡು. ಒಂದು ಬಾಟಲಿಯದು: ಉದ್ದನೆಯ ಬಾಟಲಿಯಲ್ಲಿ ಮೂರನೇ ಒಂದು ಭಾಗ ಪುಡಿಮಣ್ಣು, ಉಳಿದದ್ದು ನೀರು, ಒಂದು ಚಿಟಿಕೆ ಬಟ್ಟೆ ಸೋಪಿನ ಪುಡಿ. ಹತ್ತು ನಿಮಿಷ ಕುಲುಕಿ ಅಲ್ಲಾಡದ ಜಾಗದಲ್ಲಿಡಿ. ಮರಳು ಒಂದು ನಿಮಿಷದೊಳಗೆ ಕೂರುತ್ತದೆ, ಗೋಡು ಕೆಲವು ಗಂಟೆಗಳಲ್ಲಿ, ಜೇಡಿಗೆ ಎರಡು ದಿನವೂ ಬೇಕಾಗಬಹುದು. ಪದರಗಳನ್ನು ಅಳತೆಪಟ್ಟಿಯಲ್ಲಿ ಅಳೆದರೆ ಸುಮಾರು ಲೆಕ್ಕ ಸಿಗುತ್ತದೆ. ಮೊದಲ ಮಣ್ಣಿನಲ್ಲಿ ಜೇಡಿ ಶೇಕಡಾ ಮೂವತ್ತರ ಆಸುಪಾಸು ಇತ್ತು, ಈಗಿನದರಲ್ಲಿ ಐವತ್ತು ದಾಟುತ್ತದೆ. ಇನ್ನೊಂದು ಉಂಡೆಯದು, ನಾನು ಹೆಚ್ಚು ನಂಬುವುದು ಇದನ್ನೇ. ಮಣ್ಣನ್ನು ಹಿಟ್ಟಿನಂತೆ ನಾದಿ ಒಂದು ಅಂಗುಲ ದಪ್ಪದ ಹತ್ತು ಉಂಡೆ ಮಾಡಿ, ನೆರಳಲ್ಲಿ ಒಂದು ವಾರ ಒಣಗಿಸಬೇಕು. ತೂಕದ ಯಂತ್ರದ ಮೇಲೆ ಉಂಡೆ ಇಟ್ಟು, ಮೇಲೆ ಮರದ ತುಂಡು ಇಟ್ಟು ನಿಧಾನವಾಗಿ ಭಾರ ಬಿಡುತ್ತಾ ಹೋಗಿ, ಒಡೆಯುವ ಕ್ಷಣದ ತೂಕ ಬರೆದುಕೊಳ್ಳಬೇಕು. 45 ಕಿಲೋಗಿಂತ ಮೊದಲೇ ಒಡೆದ ಮಣ್ಣು ಬೇಡ. ನಮ್ಮದು 60ರ ಹತ್ತಿರ. ತುಂಬಾ ಗಟ್ಟಿ ಇದ್ದಷ್ಟೂ ಒಳ್ಳೆಯದು ಅಂದುಕೊಳ್ಳಬೇಡಿ. ಅಂಥ ಮಣ್ಣು ಕುಗ್ಗುವುದೂ ಹೆಚ್ಚು, ಬಿರುಕೂ ಹೆಚ್ಚು, ಅದನ್ನು ಬಗ್ಗಿಸಲು ನಮ್ಮ ರೋಲರ್ ಸಾಲದು. ಬರೀ ಎರೆಮಣ್ಣು ಬಳಸಿದ ಪರೀಕ್ಷಾ ಗುಂಡಿಯಲ್ಲಿ ಬೆರಳು ಹೋಗುವಷ್ಟು ಅಗಲ ಬಿರುಕು ಬಿಟ್ಟಿತ್ತು. ಅದಕ್ಕೇ ಎರಡು ಬಗೆ ಮಣ್ಣು ಬೆರೆಸಿದೆವು. ಪ್ರಮಾಣ ಹೇಳುವುದಿಲ್ಲ. ಹೇಳಿದರೂ ನಿಮ್ಮ ಮಣ್ಣಿಗೆ ಅದು ಹೊಂದಲಿಕ್ಕಿಲ್ಲ, ಉಂಡೆ ಒಡೆದೇ ಕಂಡುಕೊಳ್ಳಬೇಕು.

ಅಳತೆ ಎಲ್ಲರಿಗೂ ಗೊತ್ತಿರುವುದೇ, 20.12 ಮೀಟರ್ ಉದ್ದ, 3.05 ಅಗಲ. ಆದರೆ ಬೌಲರ್ ಕಾಲೂರುವ ಜಾಗ ಸೇರಿಸಿ ನಾವು ಅಗೆದದ್ದು 25 ಮೀಟರ್. ಕ್ರೀಸಿಗೇ ನಿಲ್ಲಿಸಿದರೆ ಹಳೆ ನೆಲ ಮತ್ತು ಹೊಸ ಮಣ್ಣು ಕೂಡುವ ಗೆರೆ ಸರಿಯಾಗಿ ಬೌಲರ್‌ನ ಹಿಂಗಾಲಿನಡಿ ಬರುತ್ತದೆ, ಅಲ್ಲೇ ಗುಂಡಿ ಬೀಳುತ್ತದೆ. ಕೂತ ಮೇಲೆ ನಾಲ್ಕು ಅಂಗುಲ ದಪ್ಪ ಬೇಕೆಂದರೆ ಸಡಿಲ ಮಣ್ಣು ಮೂರನೇ ಒಂದು ಭಾಗ ಹೆಚ್ಚು ತರಬೇಕು. ನಮಗೆ ಬೇಕಾದದ್ದು 10 ಘನ ಮೀಟರ್ ಚಿಲ್ಲರೆ, ತೂಕದಲ್ಲಿ 12-13 ಟನ್. ಅಷ್ಟನ್ನೂ 6 ಮಿಲಿಮೀಟರ್ ಜರಡಿ ಹಿಡಿದೆವು. ನಾಲ್ಕು ಭಾನುವಾರ ಅದಕ್ಕೇ ಹೋಯಿತು.

ಮಣ್ಣು ಒಂದೇ ಸಲ ಸುರಿಯಬಾರದು. ಸಡಿಲವಾಗಿ ಒಂದೂವರೆ ಅಂಗುಲ ಹಾಸಿ, ಮೂರು ಮೀಟರ್ ಮಟ್ಟಗೋಲು ಎಳೆದು, ಕಾಲಲ್ಲಿ ಒತ್ತೊತ್ತಾಗಿ ತುಳಿದು, ದಮ್ಮಸು ಮಾಡಿ, ಮೇಲ್ಮೈಯನ್ನು ಕುಂಟೆಯಿಂದ ಕೆದರಿ, ಆಮೇಲೆ ಮುಂದಿನ ಪದರ. ಕೆದರುವುದನ್ನು ಬಿಟ್ಟರೆ ಎರಡು ಪದರ ಬೆಸೆಯುವುದಿಲ್ಲ. ಮೇಲಿಂದ ಎಷ್ಟು ಗಟ್ಟಿ ಕಂಡರೂ ಚೆಂಡಿನ ಬಲವನ್ನು ನಡುವಿನ ಆ ಸೀಳು ನುಂಗಿಬಿಡುತ್ತದೆ. ಹಳೆ ಪಿಚ್ ಏಕೆ ಪುಟಿಯುತ್ತಿಲ್ಲ ಎಂದು ನೋಡಬೇಕಿದ್ದರೆ ಅಂಚಿನಲ್ಲಿ ಒಂದು ಗೇಣು ಆಳಕ್ಕೆ ಕೊಳವೆ ಇಳಿಸಿ ಮಣ್ಣಿನ ಕಡ್ಡಿ ತೆಗೆದು ನೋಡಿ. ಬಿಸ್ಕತ್ತಿನಂತೆ ಅಡ್ಡಲಾಗಿ ಮುರಿದರೆ ಕಾಯಿಲೆ ಅದೇ. ಪದರದ ನಡುವೆ ಒಣಹುಲ್ಲು ಅಥವಾ ಮರಳು ಸೇರಿದ್ದರೂ ಹೀಗೇ ಆಗುತ್ತದೆ.

ಇನ್ನು ರೋಲರ್. ಎರಡನೇ ವರ್ಷವೂ ನಾವು ಸೋತದ್ದು ಇಲ್ಲಿ. ಮಣ್ಣು ಸರಿಯಿತ್ತು, ಶನಿವಾರ ನಾಲ್ಕು ಗಂಟೆ, ಭಾನುವಾರ ನಾಲ್ಕು ಗಂಟೆ ಬೆವರು ಸುರಿಸಿ ಎಳೆದೆವು, ಪುಟಿತ 14. ರೋಲರ್ ಹಗುರ, ಒಂದು ಟನ್‌ನದು ಕೊಳ್ಳಿ ಎಂದರು. ಕೊಳ್ಳಲಿಲ್ಲ. ತಪ್ಪಿದ್ದು ತೂಕವಲ್ಲ, ಹದ. ವಾರಾಂತ್ಯಕ್ಕೆ ಸದಸ್ಯರಿಗೆ ಬಿಡುವು, ಮಣ್ಣಿಗೆ ಹದ ಬರುವುದು ಮಂಗಳವಾರ ಬೆಳಿಗ್ಗೆ. ಹಸಿ ಇರುವಾಗ ಎಳೆದರೆ ರೋಲರ್ ಮುಂದೆ ಮಣ್ಣು ಅಲೆಯಂತೆ ಏಳುತ್ತದೆ, ಒಳಗೆ ಸೀಳು ಬೀಳುತ್ತದೆ, ಹುಲ್ಲಿನ ಬೇರು ತುಂಡಾಗುತ್ತದೆ. ಒಣಗಿದ ಮೇಲೆ ಎಳೆದರೆ ಅರ್ಧ ಅಂಗುಲ ಮಾತ್ರ ಗಟ್ಟಿಯಾಗಿ ಹೊಳಪು ಬರುತ್ತದೆ, ಅಡಿ ಹಾಗೇ ಉಳಿಯುತ್ತದೆ. ನಡುವಿನ ಹದ ಗುರುತಿಸುವುದು ಹೀಗೆ: ಹೆಬ್ಬೆರಳು ಒತ್ತಿದರೆ ಗುರುತು ಬೀಳಬೇಕು, ಮಣ್ಣು ಬೆರಳಿಗೆ ಅಂಟಬಾರದು. ಚಾಕು ಎರಡು ಅಂಗುಲ ಇಳಿಯಬೇಕು, ಹೊರಬಂದಾಗ ಅಲಗು ಒದ್ದೆಯಾಗಿರಬೇಕು, ಕೆಸರಾಗಿರಬಾರದು. ಬಿಸಿಲಿದ್ದರೆ ಆ ಹದ ಉಳಿಯುವುದು ಮೂರ್ನಾಲ್ಕು ಗಂಟೆ ಅಷ್ಟೇ.

ಹಾಗಾಗಿ ಕೆಲಸವನ್ನು ಒಡೆದೆವು. ನಾಲ್ಕು ಜನರ ಹತ್ತು ಗುಂಪು, ಒಂದು ಸರದಿಗೆ 40 ನಿಮಿಷ, 500 ಕಿಲೋ ರೋಲರ್. 22 ಗಜ ದಾಟಲು ಎರಡು ನಿಮಿಷ ಹಿಡಿಯಬೇಕು, ಅದಕ್ಕಿಂತ ಬೇಗ ಎಳೆದರೆ ಲೆಕ್ಕಕ್ಕಿಲ್ಲ. ಮೊದಲು ಅಡ್ಡ, ಆಮೇಲೆ ಮೂಲೆಯಿಂದ ಮೂಲೆಗೆ, ಕೊನೆಗೆ ಉದ್ದ. ಉದ್ದಕ್ಕೊಂದೇ ಎಳೆಯುತ್ತಾ ಹೋದರೆ ಅಲೆ ಕಟ್ಟುತ್ತದೆ. ಆರು ವಾರದಲ್ಲಿ ಒಟ್ಟು 26 ಗಂಟೆ ಆಗಿರಬೇಕು, ಪುಸ್ತಕ ನೋಡದೆ ಹೇಳುತ್ತಿದ್ದೇನೆ. ಎರಡನೇ ವರ್ಷಕ್ಕಿಂತ ಬೆವರು ಕಡಿಮೆ, ಪುಟಿತ ಹೆಚ್ಚು.

ಪಾಳಿ ಮುರಿಯದೆ ಉಳಿಯುವಂತೆ ಮಾಡಿದ್ದು ಸುದ್ದಿ. ಬೆಳಿಗ್ಗೆ ಆರಕ್ಕೆ ಒಬ್ಬರು ಹೆಬ್ಬೆರಳು ಒತ್ತಿ ನೋಡುತ್ತಾರೆ. ಆರೂಕಾಲಿಗೆ ಫೋನ್ ಗುಂಪಿನಲ್ಲಿ ಒಂದೇ ಸಾಲು: 'ಹದ ಬಂದಿದೆ, 7ರಿಂದ 9, ಗುಂಪು 3, 4, 5.' ಅದಕ್ಕಿಂತ ಉದ್ದ ಬರೆದರೆ ಯಾರೂ ಓದುವುದಿಲ್ಲ, ಹರಟೆ ಶುರುವಾಗಿ ಆ ಸಾಲು ಮೇಲೆ ಹೋಗಿ ಮರೆಯಾಗುತ್ತದೆ. ಈ ಗುಂಪಿನಲ್ಲಿ ಬೇರೆ ಮಾತೇ ಕೂಡದು ಎಂದು ಎರಡನೇ ವಾರ ನಿಯಮ ಮಾಡಿದೆವು. ಶುಭಾಶಯ, ವಿಡಿಯೊ, ಸೋಲಿನ ಚರ್ಚೆ ಎಲ್ಲಕ್ಕೂ ಇನ್ನೊಂದು ಗುಂಪು. ಡ್ರೆಸಿಂಗ್ ರೂಮಿನ ಹೊರಗಿನ ಹಲಗೆಯ ಮೇಲೆ ವಾರದ ಸುದ್ದಿ: ಪಂದ್ಯದ ಸ್ಕೋರು, ಅದರ ಪಕ್ಕದಲ್ಲೇ ಆ ದಿನದ ಪುಟಿತ, ಪ್ರತಿ ಗುಂಪು ಎಳೆದ ನಿಮಿಷ. ಸ್ಕೋರಿನಷ್ಟೇ ದೊಡ್ಡ ಅಕ್ಷರದಲ್ಲಿ ನಿಮಿಷ ಬರೆದ ವಾರದಿಂದ ಗೈರುಹಾಜರಿ ಅರ್ಧಕ್ಕಿಳಿಯಿತು. ದಂಡ ಹಾಕಿ ನೋಡಿದ್ದೆವು, ಜನ ದಂಡ ಕಟ್ಟಿ ಮಲಗಿದರು.

ಗುಂಪು ಮಾಡುವಾಗ ಗೆಳೆಯರನ್ನು ಒಟ್ಟಿಗೆ ಹಾಕಬೇಡಿ. ಊರಿಗೆ ಹೋದರೆ ನಾಲ್ವರೂ ಒಟ್ಟಿಗೆ ಹೋಗಿಬಿಡುತ್ತಾರೆ. ನಮ್ಮಲ್ಲಿ ಪ್ರತಿ ಗುಂಪಿಗೆ ಮೊದಲ ತಂಡದ ಒಬ್ಬರು, ಎರಡನೇ ತಂಡ ಅಥವಾ ಮಹಿಳಾ ತಂಡದ ಇಬ್ಬರು, ಆಟ ಬಿಟ್ಟ ಹಿರಿಯರೋ ಕಿರಿಯರ ತಂಡದ ಪೋಷಕರೋ ಒಬ್ಬರು. ನಾಯಕರಿಗೂ ವಿನಾಯಿತಿ ಇಲ್ಲ. ಹದಿನಾಲ್ಕು ತುಂಬದ ಮಕ್ಕಳು ರೋಲರ್ ಹತ್ತಿರ ಬರಬಾರದು, ಇಳಿಜಾರಿನಲ್ಲಿ ಅದು ಕೈತಪ್ಪಿದರೆ ನಿಲ್ಲಿಸಲಾಗದು. ಅವರಿಗೆ ಗುಡಿಸುವುದು, ಗೋಣಿ ನೆನೆಸುವುದು. ಆ ಮಕ್ಕಳೇ ಈಗ ಪಿಚ್ ಮೇಲೆ ಸ್ಪೈಕ್ಸ್ ಹಾಕಿ ಅಡ್ಡಾಡುವ ದೊಡ್ಡವರನ್ನು ಗದರುತ್ತಾರೆ. ಕೆಲಸ ಮಾಡಿದವರಿಗೆ ಪಿಚ್ ತಮ್ಮದೆನಿಸುತ್ತದೆ.

ಹಣದ ಲೆಕ್ಕ ಕೇಳುವವರಿಗೆ: ಎಲ್ಲ ಸೇರಿ ಎರಡು ವರ್ಷದ ಸದಸ್ಯತ್ವದ ಹಣದಷ್ಟಾಯಿತು. ಸರಿಯಾದ ಮಣ್ಣು ಮತ್ತು ಸಾಗಣೆಗೆ ಹತ್ತರಲ್ಲಿ ನಾಲ್ಕು ಪಾಲು, ಟಾರ್ಪಾಲಿಗೆ ಎರಡು, ಮೊದಲು ಹೇಳಿದ ಕಾಲು ಭಾಗ ವ್ಯರ್ಥ, ಉಳಿದದ್ದು ಹುಲ್ಲು ಕತ್ತರಿಸುವ ಯಂತ್ರದ ಅಲಗು, ಪೈಪು, ಸಣ್ಣಪುಟ್ಟದ್ದು. ರೋಲರ್ ಹಳೆಯದೇ, ಬೇರಿಂಗ್ ಬದಲಿಸಿದೆವು. ಟಾರ್ಪಾಲಿನಲ್ಲಿ ಜಿಪುಣತನ ಬೇಡ. ತೆಳುವಾದದ್ದು ಮೊದಲ ಗಾಳಿಗೇ ಹರಿದು ಎರಡು ಸಲ ಕೊಂಡಂತಾಯಿತು. ಪಿಚ್ ಹೆಸರಾದ ಮೇಲೆ ಬೇರೆ ತಂಡಗಳು ಬಾಡಿಗೆಗೆ ಕೇಳುತ್ತಿವೆ. ವಾರಕ್ಕೆ ಎರಡೇ ಪಂದ್ಯ ಎಂದು ಗಟ್ಟಿಯಾಗಿ ನಿಂತಿದ್ದೇವೆ. ಮೂರನೆಯದರಿಂದ ಬರುವ ಹಣ ದುರಸ್ತಿಗೇ ಹೋಗುತ್ತದೆ.

ಹುಲ್ಲು ಗರಿಕೆ. ಬೇರು ಆಳಕ್ಕಿಳಿದು ನೀರನ್ನು ಅಡಿಯಿಂದ ಹೀರುವುದರಿಂದಲೇ ಪಿಚ್ ಒಳಗಿನಿಂದ ಒಣಗುತ್ತದೆ, ಬಿರುಕಿನ ಅಂಚೂ ಕಳಚುವುದಿಲ್ಲ. ಬೋಳು ಪಿಚ್ ಚೆಂದ ಕಾಣುತ್ತದೆಂದು ಬೇರು ಸಮೇತ ಕೆರೆಯುವವರನ್ನು ಕಂಡರೆ ಸಂಕಟವಾಗುತ್ತದೆ. ಬಿಡುವಿನಲ್ಲಿ 12 ಮಿಲಿಮೀಟರ್ ಇಡುತ್ತೇವೆ. ಬಿಡುವು ಮುಗಿದು ಬರುವ ಮೊದಲ ಪಂದ್ಯಕ್ಕೆ ಒಂಬತ್ತು ದಿನ ಇರುವಾಗ ಕತ್ತರಿಸಲು ಶುರು, ಎರಡು ದಿನಕ್ಕೊಮ್ಮೆ ಇಳಿಸುತ್ತಾ ಪಂದ್ಯದ ಹೊತ್ತಿಗೆ 5. ಎಂಟು ದಿನ ಇರುವಾಗ ನಾಲ್ಕು ಅಂಗುಲ ಇಳಿಯುವಷ್ಟು ನೀರು, ಒಂದೇ ಸಲ ಸುರಿಯದೆ ಮೂರು ಸಲ, ಹರಿದು ಹೋಗದಂತೆ. ರಾತ್ರಿ ಮುಚ್ಚಿ, ಹದಕ್ಕೆ ಕಾದು, ಆಮೇಲೆ ದಿನಕ್ಕೆರಡು ಪಾಳಿ. ಪಂದ್ಯದ ಹಿಂದಿನ ಸಂಜೆ ಮಾಡುವ ಒಂದು ಕೆಲಸವಿದೆ, ಅದನ್ನು ನಮ್ಮ ಹತ್ತು ಗುಂಪಿನವರು ಮಾತ್ರ ತಿಳಿದಿದ್ದರೆ ಸಾಕು. ಪಂದ್ಯ ಶುರುವಾದ ಮೇಲೆ ನಿಯಮದಂತೆ ಬ್ಯಾಟಿಂಗ್ ತಂಡದ ನಾಯಕ ಕೇಳಿದರೆ ಏಳು ನಿಮಿಷ ರೋಲರ್, ಅದೂ ಮೊದಲ ಇನಿಂಗ್ಸ್ ಬಿಟ್ಟು. ಆ ಏಳು ನಿಮಿಷದಲ್ಲಿ ಪಿಚ್ ಕೆಡಿಸಬಹುದೇ ಹೊರತು ಕಟ್ಟಲಾಗದು.

ಬೌಲರ್ ಕಾಲಿನ ಗುಂಡಿಗೆ ಒಣಪುಡಿ ಸುರಿದು ತುಳಿಯುವುದು ಎಲ್ಲೆಡೆ ನೋಡುತ್ತೇನೆ. ಐದನೇ ಓವರಿಗೆ ಅದು ಗಾಳಿಗೆ ಹೋಗಿರುತ್ತದೆ. ಪಂದ್ಯ ಮುಗಿದ ಸಂಜೆಯೇ ಸಡಿಲ ಮಣ್ಣು ತೆಗೆದು, ಗುಂಡಿಯ ಬದಿಗಳನ್ನು ನೆಟ್ಟಗೆ ಕಡಿದು, ತಳ ಕೆದರಿ, ನೀರು ಚಿಮುಕಿಸಿ, ನಾದಿದ ಮಣ್ಣನ್ನು ಮುಷ್ಟಿ ಮುಷ್ಟಿಯಾಗಿ ಒತ್ತಿ ದಮ್ಮಸು ಮಾಡಬೇಕು. ಮೇಲೆ ನೆಂದ ಗೋಣಿ ಎರಡು ದಿನ. ಬದಿ ಇಳಿಜಾರಾಗಿ ಬಿಟ್ಟರೆ ತೇಪೆ ತಟ್ಟೆಯಂತೆ ಎದ್ದು ಬರುತ್ತದೆ. ಆ ಮಣ್ಣಿಗೆ ನಾವು ಇನ್ನೊಂದನ್ನು ಸೇರಿಸುತ್ತೇವೆ, ಅದು ಈ ವರ್ಷ ಪಕ್ಕಾ ಆದರೆ ಮುಂದೆ ಬರೆಯುತ್ತೇನೆ.

ಮೈದಾನದ ಮೂಲೆಯಲ್ಲಿ ಒಂದು ಮೀಟರ್ ಚದರದ ಮೂರು ಗುಂಡಿ ಪ್ರಯೋಗಕ್ಕೇ ಇವೆ. ಮರಗೆಲಸದ ಅಂಟನ್ನು ನೀರಲ್ಲಿ ಕದಡಿ ಚಿಮುಕಿಸಿದ್ದು ಎರಡು ದಿನ ಹಿಡಿದು ಮೂರನೇ ದಿನ ಹಾಳೆಯಂತೆ ಸುಲಿಯಿತು. ಬಿರುಕಿಗೆ ಕೆಸರು ಸುರಿದದ್ದು ಒಣಗಿ ಕುಗ್ಗಿ ಬಿರುಕು ಹಾಗೇ ಉಳಿಯಿತು. ಪುಡಿಮಣ್ಣನ್ನು ಗುಡಿಸಿ ಒಳಗಿಳಿಸಿ ಆಮೇಲೆ ನೀರು ಚಿಮುಕಿಸುವುದೇ ವಾಸಿ. ಹದಕ್ಕಿಂತ ತುಸು ಹಸಿ ಇರುವಾಗ ಕತ್ತರಿಸಿದ ಹುಲ್ಲನ್ನು ತೆಳುವಾಗಿ ಹರಡಿ ಎಳೆದರೆ ರೋಲರ್‌ಗೆ ಮಣ್ಣು ಅಂಟುವುದಿಲ್ಲ, ಇದು ಗೆದ್ದ ಪ್ರಯೋಗ. ಆದರೆ ಆ ಹುಲ್ಲನ್ನು ಒಂದೆಳೆ ಬಿಡದೆ ಗುಡಿಸಬೇಕು. ಟಾರ್ಪಾಲು ಮೂರು ದಿನ ಸತತ ಮುಚ್ಚಿಟ್ಟರೆ ಗರಿಕೆ ಹಳದಿಯಾಗಿ ಬೂಷ್ಟು ಹಿಡಿಯುತ್ತದೆ, ಮಳೆ ನಿಂತ ತಕ್ಷಣ ಅರ್ಧ ಗಂಟೆಯಾದರೂ ತೆರೆಯಬೇಕು.

ಪಕ್ಕದಲ್ಲೇ ಎರಡನೇ ಪಟ್ಟಿ ಅಗೆದಾಗಿದೆ. ಎರಡು ಪದರ ಕೂತಿವೆ, ಮೂರನೆಯದಕ್ಕೆ ಮಣ್ಣು ಜರಡಿ ಹಿಡಿದು ಮುಚ್ಚಿಟ್ಟಿದ್ದೇವೆ. ಮೋಡ ಸರಿದ ಮರುದಿನ ಬೆಳಿಗ್ಗೆ ಆರಕ್ಕೆ ಹೆಬ್ಬೆರಳು ಒತ್ತಿ ನೋಡುವ ಸರದಿ ಗುಂಪು 7ರದು, ಆ ಗುಂಪಿನಲ್ಲಿ ಒಬ್ಬರು ಕಡಿಮೆ ಇದ್ದಾರೆ.