ಧರ್ಮಕ್ಕೆ ಸಿಕ್ಕಿದ ಆ್ಯಂಟಿವೈರಸ್‌ನಲ್ಲೇ ನಾಲ್ಕು ವರ್ಷ: ನನ್ನ ಅನುಭವ

ನಮ್ಮದು ಬದಿಯಡ್ಕದ ಹತ್ತಿರ ಸ್ವಲ್ಪ ಅಡಕೆ ತೋಟ. ಅದರ ಎಡೆಯಲ್ಲಿ ಮನೆಯಲ್ಲೇ ಡಿಟಿಪಿ ಕೆಲಸ ಮಾಡುತ್ತೇನೆ. ಮದುವೆ, ಉಪನಯನ, ಬ್ರಹ್ಮಕಲಶದ ಆಮಂತ್ರಣಗಳು. ಕನ್ನಡ ಒಂದು ಬದಿ, ಮಲಯಾಳ ಇನ್ನೊಂದು ಬದಿ. ದಿನಕ್ಕೆ ನಾಲ್ಕೈದು ಜನರ ಪೆನ್‌ಡ್ರೈವ್ ನಮ್ಮ ಕಂಪ್ಯೂಟರಿಗೆ ಬೀಳುತ್ತದೆ. ಆದರೂ ನಾಲ್ಕು ವರ್ಷದಿಂದ ಫಾರ್ಮ್ಯಾಟ್ ಮಾಡಿಲ್ಲ. ಆ್ಯಂಟಿವೈರಸ್‌ಗೆ ಒಂದು ರೂಪಾಯಿ ಕೊಟ್ಟಿಲ್ಲ. ನೆಂಟರು, ನೆರೆಕರೆಯವರು ಸೇರಿ 11 ಮನೆಗಳಲ್ಲಿ ಈಗ ಇದೇ ಕ್ರಮ ನಡೆಯುತ್ತಿದೆ.

"ಧರ್ಮಕ್ಕೆ ಸಿಕ್ಕಿದ್ದು ಎಂತ ಕಾವಲು ಕಾಯ್ತದೆ ಭಾವ?" ಎಂದು ಹೆಂಡತಿಯ ಅಣ್ಣ ಕೇಳಿದ್ದರು. ರಿಪೇರಿ ಅಂಗಡಿಯವನೂ ಅದನ್ನೇ ಹೇಳುತ್ತಿದ್ದ. ಅವರ ಮಾತು ಕೇಳಿ ವಿಂಡೋಸ್ 7ರ ಕಾಲದಲ್ಲಿ ಮೂರು ವರ್ಷ ಹಣ ಕೊಟ್ಟು ಆ್ಯಂಟಿವೈರಸ್ ಸಿಡಿ ತಂದು ಹಾಕಿದೆ. ವರ್ಷಕ್ಕೆ 800ರ ಹತ್ತಿರ. ಮೇಲಿಂದ ವರ್ಷಕ್ಕೆ ಎರಡು ಸಲ ಫಾರ್ಮ್ಯಾಟ್, ಸಲಕ್ಕೆ 500. ಒಟ್ಟು ಐದೂವರೆ ಸಾವಿರ ಆಗಿರಬಹುದು. ಆಗ ಅದರಲ್ಲಿ ಒಂದು ಪ್ರಿಂಟರ್ ಬರುತ್ತಿತ್ತು, ಅಲ್ವಾ?

ಹಣ ಹೋದದ್ದಕ್ಕಿಂತ ನೋವು ಕೊಟ್ಟದ್ದು ಇನ್ನೊಂದು. ಮಗಳ ಮೊದಲ ವರ್ಷದ ಫೋಟೋಗಳೆಲ್ಲ ಒಂದು ಪೆನ್‌ಡ್ರೈವಿನಲ್ಲಿದ್ದವು. ಒಂದು ದಿನ ತೆರೆದರೆ ಫೋಟೋಗಳ ಬದಲು ಬರೀ ಶಾರ್ಟ್‌ಕಟ್ ಐಕಾನ್. ಅಂಗಡಿಗೆ ಕೊಂಡುಹೋದೆ. "ಎಲ್ಲ ಹೋಗಿದೆ" ಎಂದು ಫಾರ್ಮ್ಯಾಟ್ ಮಾಡಿ ಕೊಟ್ಟರು. 200 ರೂಪಾಯಿಯೂ ತೆಗೆದುಕೊಂಡರು. ನಿಜವಾಗಿ ಏನೂ ಹೋಗಿರಲಿಲ್ಲ. ಅದು ಗೊತ್ತಾಗಲು ಎಷ್ಟೋ ವರ್ಷ ಬೇಕಾಯಿತು.

ಗೊತ್ತಾದದ್ದು ಮಗಳಿಂದಲೇ. ಇಲ್ಲಿನ, ಅಂದರೆ ಕೇರಳದ ಶಾಲೆಗಳಲ್ಲಿ ಮಕ್ಕಳು ಕಲಿಯುವುದು ವಿಂಡೋಸ್ ಬದಲು ಬಳಸುವ ಪುಕ್ಕಟೆ ವ್ಯವಸ್ಥೆ ಲಿನಕ್ಸ್‌ನಲ್ಲಿ. ಅವಳಿಗಾಗಿ ಹಳೇ ಲ್ಯಾಪ್‌ಟಾಪಿಗೂ ಅದನ್ನೇ ಹಾಕಿದ್ದೆ. ಗಿರಾಕಿಯೊಬ್ಬರ ಪೆನ್‌ಡ್ರೈವ್ ಅದೇ ಶಾರ್ಟ್‌ಕಟ್ ರೋಗ ಹಿಡಿದು ಬಂದಾಗ ಸುಮ್ನೆ ಅದಕ್ಕೆ ಚುಚ್ಚಿ ನೋಡಿದೆವು. ಹೆಸರೇ ಇಲ್ಲದ ಒಂದು ಫೋಲ್ಡರ್ ಕಂಡಿತು. ಒಳಗೆ ಎಲ್ಲ ಫೈಲುಗಳೂ ಇದ್ದವು! ಈ ಶಾರ್ಟ್‌ಕಟ್ ವೈರಸ್ ಫೈಲನ್ನು ಅಳಿಸುವುದಿಲ್ಲ. ಹಿಡನ್ ಮತ್ತು ಸಿಸ್ಟಮ್ ಗುರುತು ಹಾಕಿ ವಿಂಡೋಸ್ ಕಣ್ಣಿಗೆ ಮರೆ ಮಾಡುತ್ತದೆ, ಅಷ್ಟೇ. ಲಿನಕ್ಸ್ ಆ ಗುರುತನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆ ದಿನ ನನಗೆ ಊಟ ಸೇರಲಿಲ್ಲ. ಅವಳ ಫೋಟೋಗಳೂ ಹೀಗೆಯೇ ಒಳಗೆ ಕೂತಿದ್ದಿರಬೇಕು.

ಆ ಗುರುತನ್ನು ತೆಗೆಯುವ ವಿಂಡೋಸ್ ಕಮಾಂಡ್ ಆಟ್ರಿಬ್. ಈಗ ಅದರದ್ದೊಂದು ಬ್ಯಾಚ್ ಫೈಲ್ (ಒತ್ತಿದರೆ ಕಮಾಂಡುಗಳು ತಾವಾಗಿ ಓಡುವ ಫೈಲ್) ಮಾಡಿ ಇಟ್ಟಿದ್ದೇನೆ. ಅರ್ಧ ನಿಮಿಷದಲ್ಲಿ ಫೈಲುಗಳು ಹೊರಗೆ.  ನಾನು ಸೇರಿಸಿದ ಇನ್ನೆರಡು ಸಾಲುಗಳು ಮಾತ್ರ ನನ್ನ ಹತ್ತಿರವೇ ಇರಲಿ.

ಸಿಡಿ ಬಿಟ್ಟ ಮೇಲೆ ಪುಕ್ಕಟೆಯವುಗಳನ್ನು ಹಿಡಿದೆ. ಅಲ್ಲೂ ಮೊದಲು ಎಡವಿದೆ. ಎರಡು ಆ್ಯಂಟಿವೈರಸ್, ಎರಡು ಆ್ಯಂಟಿ ಸ್ಪೈವೇರ್ (ಗೂಢಚಾರ ಪ್ರೋಗ್ರಾಮುಗಳನ್ನು ಹಿಡಿಯುವವು) ಒಟ್ಟಿಗೆ ಹಾಕಿದೆ. ಇದ್ದದ್ದು 2 ಜಿಬಿ ರ್‍ಯಾಮ್. ಸ್ವಿಚ್ ಹಾಕಿ ಚಹಾ ಕುಡಿದು ಬಂದರೂ ಡೆಸ್ಕ್‌ಟಾಪ್ ಬರುತ್ತಿರಲಿಲ್ಲ. ಒಂದು ಫೈಲ್ ತೆರೆದರೆ ಎರಡು ಕಾವಲುಗಾರರೂ ಅದನ್ನೇ ಹಿಡಿದು ಎಳೆಯುತ್ತಿದ್ದರು.

ಇನ್ನೊಂದು ಪೆಟ್ಟು ನಮ್ಮ ಕನ್ನಡದವರಿಗೇ ಬೀಳುವಂಥದ್ದು. ಒಂದು ಸ್ಪೈವೇರ್ ಸ್ಕ್ಯಾನರ್ ನನ್ನ ಕನ್ನಡ ಟೈಪಿಂಗ್ ಸಾಫ್ಟ್‌ವೇರನ್ನೇ ಕಳ್ಳ ಎಂದು ಹಿಡಿಯಿತು. ನಾವು ಒತ್ತಿದ ಪ್ರತಿ ಕೀಯನ್ನು ನಡುವೆ ಹಿಡಿದು ಕನ್ನಡ ಅಕ್ಷರ ಮಾಡುವುದೇ ಅದರ ಕೆಲಸ. ನಾವು ಒತ್ತಿದ್ದನ್ನು ಗುಟ್ಟಾಗಿ ಬರೆದಿಟ್ಟು ಕದಿಯುವ ಕೀಲಾಗರ್ ಮಾಡುವುದೂ ಅದೇ ರೀತಿ. ನಾನು ಓದದೆ 'ರಿಮೂವ್ ಆಲ್' ಒತ್ತಿದೆ. ಮರುದಿನ ಬೆಳಿಗ್ಗೆ ಕೊಡಬೇಕಾಗಿದ್ದ ಮದುವೆ ಕಾಗದ ಸಂಜೆಗೆ ಹೋಯಿತು. ಅಂದಿನಿಂದ ಮೊದಲು ಕ್ವಾರಂಟೀನ್ (ಅಳಿಸದೆ ಬೇರೆ ಕೂಡಿಡುವುದು), ವಾರ ಬಿಟ್ಟು ಡಿಲೀಟ್. ಟೈಪಿಂಗ್ ಸಾಫ್ಟ್‌ವೇರಿನ ಫೋಲ್ಡರನ್ನು ಸ್ಕ್ಯಾನ್ ಮಾಡದೆ ಬಿಡುವ ಎಕ್ಸ್‌ಕ್ಲೂಶನ್ ಪಟ್ಟಿಯಲ್ಲಿ ಹಾಕಿಬಿಡುತ್ತೇನೆ. ಆದರೆ ಅದನ್ನು ಅದರದ್ದೇ ಸೈಟಿನಿಂದ ಇಳಿಸಿಕೊಂಡಿದ್ದರೆ ಮಾತ್ರ.

ಕೊನೆಗೆ ನಿಂತ ಕ್ರಮ ಇದು. ಕಾವಲಿಗೆ ವಿಂಡೋಸ್ ಒಳಗೇ ಇರುವ ಡಿಫೆಂಡರ್ ಒಂದೇ. ಆದರೆ ಅದನ್ನು ಬಂದ ಹಾಗೆ ಬಿಡಬೇಡಿ. ರೆಪ್ಯುಟೇಶನ್ ಬೇಸ್ಡ್ ಪ್ರೊಟೆಕ್ಷನ್ ಒಳಗೆ ಹೋಗಿ ಬೇಡದ ಆ್ಯಪ್ ತಡೆಯುವುದು ಆನ್ ಇದೆಯೇ ನೋಡಿ, ಇಲ್ಲದಿದ್ದರೆ ಆನ್ ಮಾಡಿ. ಟೂಲ್‌ಬಾರ್ ಕಾಟ ಮುಕ್ಕಾಲು ಪಾಲು ಅಲ್ಲೇ ನಿಲ್ಲುತ್ತದೆ. ತಿಂಗಳಿಗೊಮ್ಮೆ ಗುಡಿಸಿ ತೆಗೆಯಲು ಪುಕ್ಕಟೆ ಸ್ಕ್ಯಾನರ್ ಮಾಲ್‌ವೇರ್‌ಬೈಟ್ಸ್. ಹಾಕಿದಾಗ ಮೊದಲ 14 ದಿನ ಅದು ಪ್ರೀಮಿಯಂ ಟ್ರಯಲ್‌ನಲ್ಲಿ ಓಡುತ್ತದೆ. ಆಗ ತಾನೇ ಮುಖ್ಯ ಕಾವಲುಗಾರ ಎಂದು ನೋಂದಾಯಿಸಿಕೊಂಡು ಡಿಫೆಂಡರನ್ನು ಬದಿಗೆ ಸರಿಸುತ್ತದೆ. ನಾನು ಇದನ್ನು ಗಮನಿಸಿದ್ದು ಮೂರನೇ ಮನೆಯಲ್ಲಿ. ಈಗ ಹಾಕಿದ ಕೂಡಲೇ ಟ್ರಯಲ್ ನಿಲ್ಲಿಸುತ್ತೇನೆ. ಬ್ರೌಸರ್ ಮಾತ್ರ ಕೆಟ್ಟಿದ್ದರೆ ಆ್ಯಡ್‌ಡಬ್ಲ್ಯುಕ್ಲೀನರ್ ಸಾಕು, ಇನ್‌ಸ್ಟಾಲ್ ಕೂಡ ಬೇಡ.

ಇವೆಲ್ಲಕ್ಕಿಂತ ಜಾಸ್ತಿ ಉಪಕಾರ ಆದದ್ದು ಸ್ಟ್ಯಾಂಡರ್ಡ್ ಅಕೌಂಟಿನಿಂದ, ಅಂದರೆ ಕಂಪ್ಯೂಟರಿನಲ್ಲಿ ದೊಡ್ಡ ಬದಲಾವಣೆಗೆ ಅಡ್ಮಿನ್ ಪಾಸ್‌ವರ್ಡ್ ಬೇಕಾಗುವ ಖಾತೆಯಿಂದ. ಮನೆಯವರಿಗೆಲ್ಲ ಅದೇ. ಅಡ್ಮಿನ್ ಪಾಸ್‌ವರ್ಡ್ ನನ್ನಲ್ಲಿ ಮಾತ್ರ. ಭಾವನ ಮನೆಯಲ್ಲಿ ಹಿಂದೆ "ನಿಮ್ಮಲ್ಲಿ ನೂರಾರು ವೈರಸ್ ಇದೆ" ಎಂದು ಹೆದರಿಸುವ ಸುಳ್ಳು ಆ್ಯಂಟಿವೈರಸ್ ಬಂದಿತ್ತು. ಕಾರ್ಡ್ ನಂಬರ್ ಹಾಕಿ 1,200ರಷ್ಟು ಕಳೆದುಕೊಂಡಿದ್ದರು. ಈಗ ಅಂಥದ್ದು ಬಂದರೆ ಪಾಸ್‌ವರ್ಡ್ ಕೇಳಿ ನಿಲ್ಲುತ್ತದೆ, ನನಗೆ ಫೋನ್ ಬರುತ್ತದೆ. ಫೈರ್‌ಫಾಕ್ಸ್ ಬ್ರೌಸರಿಗೆ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಹಾಕಿದ ಮೇಲೆ ಆ ಫೋನೂ ಅಪರೂಪ.

ಭಾವನಿಗೆ ನಂಬಿಕೆ ಬರಲಿ ಎಂದು ಆ್ಯಂಟಿವೈರಸ್ ಎಚ್ಚರವಾಗಿದೆಯೇ ಎಂದು ನೋಡುವ ಐಕಾರ್ ಪರೀಕ್ಷೆ ಮಾಡಿ ತೋರಿಸಿದೆ. 68 ಅಕ್ಷರಗಳ ಒಂದು ಸಾಲು, ಯಾರಿಗೂ ತೊಂದರೆ ಇಲ್ಲ. ನೋಟ್‌ಪ್ಯಾಡಿನಲ್ಲಿ ಸೇವ್ ಮಾಡಿದ ಕ್ಷಣ ಡಿಫೆಂಡರ್ ಹಿಡಿಯಿತು. ಅದನ್ನೇ ಲಿನಕ್ಸ್‌ನಲ್ಲಿ ಜಿಪ್ ಮಾಡಿ ಪೆನ್‌ಡ್ರೈವಿನಲ್ಲಿ ತಂದೆ. ಜಿಪ್ ಹಾಗೇ ಇದ್ದಾಗ ಸದ್ದಿಲ್ಲ, ಬಿಡಿಸಿದ ಕೂಡಲೇ ಸಿಕ್ಕಿಬಿತ್ತು. ಭಾವ ತಾವೇ ನಾಲ್ಕು ಸಲ ಮಾಡಿ ನೋಡಿದರು. ಗುರುತಿಲ್ಲದ ಪ್ರೋಗ್ರಾಮುಗಳು ನಮ್ಮ ಫೋಲ್ಡರುಗಳನ್ನು ಮುಟ್ಟದಂತೆ ತಡೆಯುವ ಡಿಫೆಂಡರಿನ ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್ ಕೂಡ ಹಾಕಿ ನೋಡಿದ್ದೆ. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರ್‍ಯಾನ್ಸಮ್‌ವೇರ್ ತಡೆಯಲು ಒಳ್ಳೆಯದೇ. ಆದರೆ ನನ್ನ ಹಳೇ ಡಿಟಿಪಿ ಪ್ರೋಗ್ರಾಮಿಗೆ ಫೈಲ್ ಸೇವ್ ಮಾಡಲೂ ಬಿಡಲಿಲ್ಲ. ಅದನ್ನು ಅನುಮತಿ ಪಟ್ಟಿಗೆ ಸೇರಿಸುವವರೆಗೆ ಒಂದು ಗಂಟೆ ತಲೆ ಕೆಡಿಸಿಕೊಂಡೆ.

ಈಗ ಉಳಿದಿರುವುದು ಎರಡು ಮನೆಗಳ ಹಳೇ ಕಂಪ್ಯೂಟರು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದ ಕಾರಣ ಅವು 11ಕ್ಕೆ ಏರುವುದಿಲ್ಲ. ಆ ಮನೆಗಳಲ್ಲಿ ಯಕ್ಷಗಾನ ನೋಡುವುದು, ಕರೆಂಟ್ ಬಿಲ್ ಕಟ್ಟುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಮಳೆಗಾಲ ಹಿಡಿಯುವ ಮೊದಲು ಎರಡಕ್ಕೂ ಲಿನಕ್ಸ್ ಹಾಕುತ್ತೇನೆ. ಮಗಳೂ ಬರುತ್ತೇನೆಂದಿದ್ದಾಳೆ.