ಮಗಳ ಓದು, ಮಗಳ ಸಾಕರ್: ಕಾಲೇಜು ಆರಿಸಿದ ನಮ್ಮ ಅನುಭವ

ಅಮೆರಿಕದಲ್ಲಿ ಸಾಕರ್ (ನಮ್ಮ ಫುಟ್‌ಬಾಲ್) ಆಡುವ ಹೆಣ್ಣುಮಕ್ಕಳು ಈಗ ಕನ್ನಡದ ಮನೆಗಳಲ್ಲೂ ಇದ್ದಾರೆ. ನನ್ನ ಮಗಳು ಅವರಲ್ಲಿ ಒಬ್ಬಳು. ನಾವಿರುವುದು ನಾರ್ತ್ ಕ್ಯಾರೊಲಿನಾದ ಕ್ಯಾರಿ ಊರಿನಲ್ಲಿ. ಅವಳು 2025ರ ಆಗಸ್ಟ್‌ನಲ್ಲಿ ಕಾಲೇಜು ಸೇರಿದಳು. ಕೆಮಿಕಲ್ ಎಂಜಿನಿಯರಿಂಗ್ ಓದುತ್ತಿದ್ದಾಳೆ, ಅಲ್ಲಿನ ತಂಡದಲ್ಲಿ ಮಿಡ್‌ಫೀಲ್ಡರ್ ಆಗಿ ಆಡುತ್ತಿದ್ದಾಳೆ. ಕನ್ನಡ ಕೂಟದಲ್ಲಿ ಸಿಗುವ ತಾಯಂದಿರು "ಹೇಗೆ ಆರಿಸಿದ್ರಿ?" ಅಂತ ಕೇಳುತ್ತಲೇ ಇರುತ್ತಾರೆ. ಅವರಿಗೋಸ್ಕರ ಎಲ್ಲವನ್ನೂ ಒಂದು ಕಡೆ ಬರೆದಿಡುತ್ತಿದ್ದೇನೆ.

ಊರಿನಿಂದ ಅಕ್ಕ ಫೋನ್ ಮಾಡಿದಾಗ ಮೊದಲು ಕೇಳಿದ್ದು, "ಸ್ಪೋರ್ಟ್ಸ್ ಕೋಟಾದಲ್ಲಿ ಸೀಟು ಸಿಗುತ್ತೇನೇ?" ಅಂತ. ಇಲ್ಲಿನ ಲೆಕ್ಕವೇ ಬೇರೆ. ಕರ್ನಾಟಕದಲ್ಲಿ ರಾಜ್ಯ, ರಾಷ್ಟ್ರ ಮಟ್ಟದಲ್ಲಿ ಆಡಿದ ಸರ್ಟಿಫಿಕೇಟ್ ಇಟ್ಟುಕೊಂಡು ಕೋಟಾದಡಿ ಅರ್ಜಿ ಹಾಕುತ್ತೇವೆ. ಇಲ್ಲಿ ಒಂದೊಂದು ಕಾಲೇಜಿನ ಕೋಚ್ ತಾವೇ ಬಂದು ಆಟ ನೋಡುತ್ತಾರೆ. ಎರಡು ವರ್ಷದ ನಂತರ ನನಗೆ ಒಬ್ಬ ಗೋಲ್‌ಕೀಪರ್ ಬೇಕು, ಎಡಗಾಲಿನಲ್ಲಿ ಆಡುವ ಡಿಫೆಂಡರ್ ಬೇಕು ಅಂತ ಲೆಕ್ಕ ಹಾಕಿ ಹುಡುಕುತ್ತಾರೆ. ಎಷ್ಟೇ ಚೆನ್ನಾಗಿ ಆಡಿದರೂ ಆ ವರ್ಷ ಆ ಜಾಗ ಖಾಲಿ ಇಲ್ಲದಿದ್ದರೆ ಕರೆಯುವುದಿಲ್ಲ. ಇದು ಅರ್ಥವಾದರೆ "ನಮ್ಮ ಹುಡುಗಿಯನ್ನು ಯಾಕೆ ತಗೊಳ್ಳಲಿಲ್ಲ" ಅನ್ನುವ ಸಂಕಟ ಅರ್ಧ ಕಡಿಮೆಯಾಗುತ್ತದೆ.

ಕಾಲೇಜು ಆಟವನ್ನು ನಡೆಸುವ ಎನ್‌ಸಿಎಎ ಸಂಸ್ಥೆಯಲ್ಲಿ ಮೂರು ಡಿವಿಷನ್, ಅಂದರೆ ಮೂರು ಹಂತ, ಇವೆ. 1972ರಲ್ಲಿ ಟೈಟಲ್ 9 ಕಾನೂನು ಬಂದ ಮೇಲೆ ಕಾಲೇಜುಗಳು ಹುಡುಗಿಯರ ಆಟಕ್ಕೂ ಸಮಾನ ಅವಕಾಶ ಕೊಡಬೇಕಾಯಿತು. ಹಾಗೆ ಬೆಳೆದ ಆಟಗಳಲ್ಲಿ ಸಾಕರ್ ಮುಖ್ಯವಾದದ್ದು. ಈಗ ಡಿವಿಷನ್ 1ರಲ್ಲೇ ಹುಡುಗಿಯರ ತಂಡಗಳು ಮುನ್ನೂರಕ್ಕೂ ಜಾಸ್ತಿ, ಡಿವಿಷನ್ 3ರಲ್ಲಿ ನಾನೂರಕ್ಕೂ ಜಾಸ್ತಿ.

ತಂದೆತಾಯಂದಿರ ತಲೆಯಲ್ಲಿ ಇರುವುದು ಒಂದೇ: ಡಿವಿಷನ್ 1 ಅಂದರೆ ಪೂರ್ತಿ ಸ್ಕಾಲರ್‌ಶಿಪ್. ನಿಜ ಹಾಗಿಲ್ಲ. ಮೊನ್ನೆ ಮೊನ್ನೆಯವರೆಗೆ ಡಿವಿಷನ್ 1ರ ಒಂದು ತಂಡಕ್ಕೆ 14 ಸ್ಕಾಲರ್‌ಶಿಪ್ ಮಾತ್ರ ಇತ್ತು. ಅದನ್ನೇ ಇಪ್ಪತ್ತೈದು, ಮೂವತ್ತು ಹುಡುಗಿಯರಿಗೆ ಹಂಚುತ್ತಿದ್ದರು. ಡಿವಿಷನ್ 2ರಲ್ಲಿ 9.9. ಡಿವಿಷನ್ 3ರಲ್ಲಿ ಆಟಕ್ಕೆ ಅಂತ ಒಂದು ಡಾಲರೂ ಇಲ್ಲ. ಹಾರ್ವರ್ಡ್, ಪ್ರಿನ್ಸ್‌ಟನ್‌ನಂಥ ಐವಿ ಲೀಗ್ ಕಾಲೇಜುಗಳು ಡಿವಿಷನ್ 1ರಲ್ಲಿ ಇದ್ದರೂ ಆಟಕ್ಕೆ ಸ್ಕಾಲರ್‌ಶಿಪ್ ಕೊಡುವುದಿಲ್ಲ, ಮನೆಯ ಆದಾಯ ನೋಡಿ ನೆರವು ಕೊಡುತ್ತವೆ. 2025ರ ಜೂನ್‌ನಲ್ಲಿ ಹೌಸ್ ಎಂಬ ಆಟಗಾರ ಎನ್‌ಸಿಎಎ ವಿರುದ್ಧ ಹಾಕಿದ್ದ ಮೊಕದ್ದಮೆಯ ರಾಜಿಯನ್ನು ಕೋರ್ಟು ಒಪ್ಪಿದ ಮೇಲೆ ನಿಯಮ ಬದಲಾಗಿದೆ. ಅದಕ್ಕೆ ಸೇರಿದ ಕಾಲೇಜುಗಳಲ್ಲಿ ಸ್ಕಾಲರ್‌ಶಿಪ್ ಮಿತಿ ಹೋಗಿ, ತಂಡದಲ್ಲಿ 28 ಜನಕ್ಕಿಂತ ಜಾಸ್ತಿ ಇರಬಾರದು ಅಂತಾಗಿದೆ. 28 ಜನಕ್ಕೂ ಹಣ ಕೊಡಲೇಬೇಕು ಅಂತೇನಿಲ್ಲ.

ಇದೆಲ್ಲ ತಿಳಿದ ಮೇಲೆ ನಾವು ಮನೆಯಲ್ಲಿ ಕೂತು ಮೊದಲು ತೀರ್ಮಾನ ಮಾಡಿದ್ದು ಓದಿನ ಬಗ್ಗೆ. ಮಗಳಿಗೆ ಕೆಮಿಸ್ಟ್ರಿ ಅಂದರೆ ಪ್ರಾಣ. ಕೆಮಿಕಲ್ ಎಂಜಿನಿಯರಿಂಗ್ ಬೇಕು ಅಂತ ಹತ್ತನೇ ಕ್ಲಾಸಿನಲ್ಲೇ ಹೇಳಿದಳು. ಅದೊಂದೇ ಮಾತಿಗೆ ಪಟ್ಟಿಯಲ್ಲಿದ್ದ ಎಷ್ಟೋ ಹೆಸರು ಬಿದ್ದುಹೋದವು. ವಿಲಿಯಮ್ಸ್ ಕಾಲೇಜನ್ನೇ ನೋಡಿ. ಓದಿನಲ್ಲಿ ಮೇಲಿನ ಸಾಲು. ಹುಡುಗಿಯರ ಸಾಕರ್‌ನಲ್ಲಿ 2015, 2017, 2018ರಲ್ಲಿ ಡಿವಿಷನ್ 3ರ ಚಾಂಪಿಯನ್. ಆದರೆ ಅಲ್ಲಿ ಎಂಜಿನಿಯರಿಂಗ್ ಡಿಗ್ರಿಯೇ ಇಲ್ಲ. ಆಮ್‌ಹರ್ಸ್ಟ್‌ನಲ್ಲೂ ಇಲ್ಲ. ಅದೇ ಡಿವಿಷನ್ 3ರಲ್ಲಿ ಜಾನ್ಸ್ ಹಾಪ್ಕಿನ್ಸ್, ಎಂಐಟಿ, ಕಾರ್ನೆಗಿ ಮೆಲನ್, ರಾಚೆಸ್ಟರ್, ಕೇಸ್ ವೆಸ್ಟರ್ನ್, ಟಫ್ಟ್ಸ್ ಇವೆ. ಎಲ್ಲದರಲ್ಲೂ ಕೆಮಿಕಲ್ ಎಂಜಿನಿಯರಿಂಗ್ ಇದೆ. ಹಾಪ್ಕಿನ್ಸ್ ಹುಡುಗಿಯರು 2022ರಲ್ಲಿ ಡಿವಿಷನ್ 3 ಗೆದ್ದವರು. "ಡಿವಿಷನ್ 3 ಅಂದ್ರೆ ಸುಮ್ನೆ ಟೈಮ್‌ಪಾಸ್" ಅನ್ನುವವರು ಒಂದು ಮ್ಯಾಚ್ ನೋಡಿ ಬರಲಿ.

ಇನ್ನು ಮುಂದಿನದು ನಮಗೆ ಎಲ್ಲಕ್ಕಿಂತ ಉಪಯೋಗವಾದ ಕೆಲಸ. ದುಡ್ಡು ಖರ್ಚಿಲ್ಲ, ಯಾರ ಪರಿಚಯವೂ ಬೇಡ. ಪ್ರತಿ ತಂಡದ ರೋಸ್ಟರ್ (ಆಟಗಾರ್ತಿಯರ ಪಟ್ಟಿ) ಕಾಲೇಜಿನ ವೆಬ್‌ಸೈಟಿನಲ್ಲಿ ಇರುತ್ತದೆ. ಆಟಗಾರ್ತಿಯ ಹೆಸರು, ಯಾವ ವರ್ಷ, ಯಾವ ಜಾಗದಲ್ಲಿ ಆಡುತ್ತಾಳೆ, ಯಾವ ಊರು, ಹಿಂದೆ ಆಡಿದ ಕ್ಲಬ್, ಎಷ್ಟೋ ಕಡೆ ಓದುತ್ತಿರುವ ಮೇಜರ್ (ಮುಖ್ಯ ವಿಷಯ) ಕೂಡ. ಹಿಂದಿನ ವರ್ಷಗಳ ರೋಸ್ಟರ್‌ಗಳೂ ಅಲ್ಲೇ ಸಿಗುತ್ತವೆ. ನಾನು ಮತ್ತು ಮಗಳು ನಾಲ್ಕು ವರ್ಷದ ರೋಸ್ಟರ್‌ಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಎಕ್ಸೆಲ್‌ನಲ್ಲಿ ತುಂಬಿದೆವು.

ಮೊದಲು ನೋಡಿದ್ದು, ಫ್ರೆಶ್‌ಮನ್ (ಮೊದಲ ವರ್ಷ) ಆಗಿ ಸೇರಿದವರಲ್ಲಿ ಸೀನಿಯರ್ (ಕೊನೆಯ ವರ್ಷ) ಆಗುವ ಹೊತ್ತಿಗೆ ಎಷ್ಟು ಜನ ಉಳಿದಿದ್ದಾರೆ ಅಂತ. ಒಂದು ತಂಡದಲ್ಲಿ ಹೆಚ್ಚುಕಡಿಮೆ ಎಲ್ಲರೂ ಇದ್ದರು. ಇನ್ನೊಂದರಲ್ಲಿ ಪ್ರತಿ ವರ್ಷ ಅರ್ಧಕ್ಕರ್ಧ ಹೆಸರು ಮಾಯ. ಯಾಕೆ ಅಂತ ವೆಬ್‌ಸೈಟ್ ಹೇಳುವುದಿಲ್ಲ. ಗಾಯ ಇರಬಹುದು, ಬೇರೆ ಕಾಲೇಜಿಗೆ ಟ್ರಾನ್ಸ್‌ಫರ್ ಆಗಿರಬಹುದು, ಬೇಸರ ಬಂದಿರಬಹುದು. ಆದರೆ ಕೋಚ್ ಹತ್ತಿರ ಮಾತಾಡುವಾಗ ಏನು ಕೇಳಬೇಕು ಅನ್ನುವುದು ನಮಗೆ ಗೊತ್ತಾಯಿತು. ಕೋವಿಡ್‌ನಿಂದ ಹೋದ ವರ್ಷದ ಬದಲಿಗೆ ಸಿಕ್ಕ ಐದನೇ ವರ್ಷ ಆಡುತ್ತಿದ್ದವರೂ ಆಗ ಇದ್ದರು. ಅವರನ್ನು ಬೇರೆ ಬಣ್ಣದಲ್ಲಿ ಗುರುತು ಮಾಡಿದೆವು.

ಆಮೇಲೆ ಮೇಜರ್ ನೋಡಿದೆವು. ಕಾಲೇಜು ಎಂಜಿನಿಯರಿಂಗ್‌ಗೆ ಹೆಸರುವಾಸಿ, ಆದರೆ ಸಾಕರ್ ತಂಡದಲ್ಲಿ ಒಬ್ಬಳೂ ಎಂಜಿನಿಯರಿಂಗ್ ಓದುತ್ತಿಲ್ಲ ಅಂದರೆ ಅದರಲ್ಲಿ ಏನೋ ಇದೆ ಅಲ್ವಾ? ಕಾರಣ ಬಹಳ ಸಲ ಸಾದಾ. ಮಧ್ಯಾಹ್ನದ ಲ್ಯಾಬ್, ಮಧ್ಯಾಹ್ನದ ಪ್ರಾಕ್ಟೀಸ್, ಎರಡೂ ಒಂದೇ ಹೊತ್ತಿಗೆ. ಅದಕ್ಕೇ ಮಗಳು ಪ್ರತಿ ಕೋಚ್‌ಗೂ ಒಂದು ಪ್ರಶ್ನೆ ತಪ್ಪದೆ ಕೇಳಿದಳು: "ಲ್ಯಾಬ್ ಮತ್ತು ಪ್ರಾಕ್ಟೀಸ್ ಒಟ್ಟಿಗೆ ಬಂದರೆ ನಿಮ್ಮ ಹುಡುಗಿಯರು ಏನು ಮಾಡುತ್ತಾರೆ?" ಒಬ್ಬ ಕೋಚ್ ಆ ಟರ್ಮಿನಲ್ಲಿ ಲ್ಯಾಬ್ ಇದ್ದ ಹುಡುಗಿಯ ಉದಾಹರಣೆ ಕೊಟ್ಟು, ಅವಳು ಗುರುವಾರ ತಡವಾಗಿ ಬರುತ್ತಾಳೆ, ಅದರಿಂದ ಅವಳ ಆಟದ ಜಾಗಕ್ಕೆ ತೊಂದರೆ ಇಲ್ಲ ಅಂದರು. ಇನ್ನೊಬ್ಬರು "ಹೇಗೋ ಹೊಂದಿಸಿಕೊಳ್ಳುತ್ತಾರೆ" ಅಂದು ಮಾತು ಬದಲಿಸಿದರು. ಎರಡನೆಯವರನ್ನು ಪಟ್ಟಿಯಿಂದ ತೆಗೆದೆವು.

ಮೂರನೆಯದು, ಜಾಗ. ಮಗಳು ಸೇರುವ ವರ್ಷದ ಹೊತ್ತಿಗೆ ಎಷ್ಟು ಮಿಡ್‌ಫೀಲ್ಡರ್‌ಗಳು ಓದು ಮುಗಿಸಿ ಹೋಗಿರುತ್ತಾರೆ? ಸೋಫೊಮೋರ್‌ಗಳಲ್ಲೇ (ಎರಡನೇ ವರ್ಷದವರಲ್ಲೇ) ಐದಾರು ಜನ ಅದೇ ಜಾಗದವರು ಇದ್ದರೆ ಎರಡು ವರ್ಷ ಬೆಂಚಿನ ಮೇಲೆ ಕೂರಲು ತಯಾರಿರಬೇಕು. ಮ್ಯಾಚ್‌ಗಳ ಬಾಕ್ಸ್ ಸ್ಕೋರ್‌ನಲ್ಲಿ ಯಾರು ಎಷ್ಟು ನಿಮಿಷ ಆಡಿದರು ಅಂತ ಇರುತ್ತದೆ. ಕೋಚ್ "ನಾವು ಫ್ರೆಶ್‌ಮನ್‌ಗಳನ್ನು ಆಡಿಸುತ್ತೇವೆ" ಅಂದರೆ ಅದು ನಿಜವೋ ಅಲ್ಲವೋ ಆ ನಿಮಿಷಗಳೇ ಹೇಳುತ್ತವೆ. ಕಾಲೇಜು ಸಾಕರ್‌ನಲ್ಲಿ ಆಟಗಾರರನ್ನು ಬದಲಿಸುವ ನಿಯಮ ಸಡಿಲ. ಮೊದಲ ಅರ್ಧದಲ್ಲಿ ಹೊರಗೆ ಬಂದವಳೂ ಎರಡನೇ ಅರ್ಧದಲ್ಲಿ ಮತ್ತೆ ಇಳಿಯಬಹುದು. ಹಾಗಾಗಿ ಮನಸ್ಸು ಮಾಡಿದ ಕೋಚ್ ಹದಿನೆಂಟು, ಇಪ್ಪತ್ತು ಜನರನ್ನು ಆಡಿಸಬಲ್ಲರು. ಕೆಲವರು ಹದಿಮೂರಕ್ಕೇ ನಿಲ್ಲಿಸುತ್ತಾರೆ.

ಕೋಚ್‌ಗಳಿಗೆ ಪತ್ರ ಬರೆದದ್ದು ಮಗಳೇ. ಇದರಲ್ಲಿ ನಾನು ಬಹಳ ಗಟ್ಟಿಯಾಗಿ ನಿಂತೆ. ಅಪ್ಪ ಅಮ್ಮ ಬರೆದ ಇಮೇಲ್ ಯಾವ ಕೋಚ್‌ಗೂ ಇಷ್ಟವಿಲ್ಲ. ಚಿಕ್ಕ ಪತ್ರ, ಹೈಲೈಟ್ ವಿಡಿಯೊ, ಮಾರ್ಕ್ಸ್, ಮುಂದಿನ ಟೂರ್ನಮೆಂಟಿನಲ್ಲಿ ಯಾವ ಮೈದಾನ, ಎಷ್ಟು ಗಂಟೆ, ಜರ್ಸಿ ನಂಬರ್ ಎಷ್ಟು, ಇಷ್ಟು ಸಾಕು. ಡಿವಿಷನ್ 1ರ ಕೋಚ್‌ಗಳು ಹತ್ತನೇ ಕ್ಲಾಸ್ ಮುಗಿದ ಜೂನ್ 15ರ ತನಕ ಹುಡುಗಿಯ ಜೊತೆ ಈ ವಿಷಯ ಮಾತಾಡುವಂತಿಲ್ಲ, ಕಾಲೇಜಿಗೆ ಕರೆಸಿ ಭೇಟಿ ಮಾಡುವುದು ಆಗಸ್ಟ್ 1ರ ನಂತರ. ಡಿವಿಷನ್ 3ಕ್ಕೆ ಪತ್ರ, ಮಾತುಕತೆಗೆ ಅಂಥ ತಡೆ ಇಲ್ಲ. ಮಗಳು ಆಡುತ್ತಿದ್ದದ್ದು ಇಸಿಎನ್ಎಲ್ ಅನ್ನುವ ಮಕ್ಕಳ ಕ್ಲಬ್ ಲೀಗಿನ ಮೇಲಿನ ಹಂತದಲ್ಲಿ ಅಲ್ಲ, ಅದರ ಕೆಳಗಿನ ರೀಜನಲ್ ಲೀಗಿನಲ್ಲಿ. ದೊಡ್ಡ ಕೋಚ್‌ಗಳು ತಾವಾಗಿ ಬಂದು ನೋಡುವ ಸಂಭವ ಕಡಿಮೆ. ಆದ್ದರಿಂದ ನಾವೇ ಕರೆಯಬೇಕಿತ್ತು.

ಒಂದು ಎಚ್ಚರಿಕೆ. "ನಮ್ಮ ಐಡಿ ಕ್ಯಾಂಪಿಗೆ (ಆಟಗಾರರನ್ನು ಗುರುತಿಸುವ ಶಿಬಿರಕ್ಕೆ) ಬನ್ನಿ" ಅನ್ನುವ ಇಮೇಲ್ ರಾಶಿ ರಾಶಿ ಬರುತ್ತದೆ. ಅದು ಆಸಕ್ತಿಯ ಗುರುತಲ್ಲ. ಕ್ಯಾಂಪ್‌ಗೆ ಶುಲ್ಕ ಇದೆ, ಎಲ್ಲರಿಗೂ ಕಳಿಸುತ್ತಾರೆ. ಮಗಳ ಆಟದ ಬಗ್ಗೆ ಒಂದಾದರೂ ನಿರ್ದಿಷ್ಟ ಮಾತು ಬರೆದಿದ್ದರೆ ಮಾತ್ರ ಹೋದೆವು.

ಪ್ರಯಾಣದ ವಿಷಯ ಯಾರೂ ಮೊದಲು ಯೋಚಿಸುವುದಿಲ್ಲ. 2024ರಿಂದ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್, ಬರ್ಕ್ಲಿ ಎರಡೂ ಪೂರ್ವ ಕರಾವಳಿ ಕಡೆಯ ಎಸಿಸಿ ಲೀಗಿನಲ್ಲಿ ಇವೆ. ಅಲ್ಲಿನದೇ ಯುಸಿಎಲ್‌ಎ ಬಿಗ್ ಟೆನ್ ಲೀಗಿನಲ್ಲಿ ಇದೆ. ಅಂದರೆ ಲೀಗ್ ಮ್ಯಾಚ್‌ಗೇ ದೇಶದ ಈ ತುದಿಯಿಂದ ಆ ತುದಿಗೆ ವಿಮಾನ. ಸೀಸನ್‌ನಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ಆಟದ ಕೆಲಸ ಇರಬಾರದು ಅನ್ನುವ ಡಿವಿಷನ್ 1 ನಿಯಮ ಪ್ರಯಾಣದ ಹೊತ್ತನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಡಿವಿಷನ್ 3ರಲ್ಲೂ ಹುಷಾರಾಗಿರಬೇಕು. ರಾಚೆಸ್ಟರ್, ಎಮೊರಿ, ಶಿಕಾಗೊ, ಎನ್‌ವೈಯು ಎಲ್ಲ ಒಂದೇ ಲೀಗ್, ಅವರೂ ವಿಮಾನದಲ್ಲೇ ಓಡಾಡುತ್ತಾರೆ. ಮಗಳಿಗೆ ಬಸ್ಸಿನಲ್ಲಿ ಹೋಗಿ ಅದೇ ರಾತ್ರಿ ಹಾಸ್ಟೆಲಿಗೆ ವಾಪಸ್ ಬರುವ ಲೀಗ್ ಬೇಕಿತ್ತು.

ಕೋಚ್ ಇಷ್ಟವಾದರು ಅಂತ ಕಾಲೇಜು ಆರಿಸಬಾರದು ಅನ್ನುವುದಕ್ಕೆ ನಮ್ಮ ಪಕ್ಕದೂರಿನ ಉದಾಹರಣೆಯೇ ಇದೆ. ಚಾಪೆಲ್ ಹಿಲ್‌ನಲ್ಲಿ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಹುಡುಗಿಯರ ತಂಡವನ್ನು ಆನ್ಸನ್ ಡೊರನ್ಸ್ 1979ರಿಂದ ನಡೆಸುತ್ತಿದ್ದರು. ಅಮೆರಿಕದ ಹೆಸರಾಂತ ಆಟಗಾರ್ತಿ ಮಿಯಾ ಹ್ಯಾಮ್ ಬೆಳೆದದ್ದು ಡೊರನ್ಸ್ ಕೈಯಲ್ಲೇ. 2024ರ ಆಗಸ್ಟ್‌ನಲ್ಲಿ, ಸೀಸನ್ ಶುರುವಾಗಲು ಕೆಲವೇ ದಿನ ಇರುವಾಗ, ಡೊರನ್ಸ್ ನಿವೃತ್ತರಾದರು. ಅವರನ್ನೇ ನಂಬಿ ಬಂದ ಹುಡುಗಿಯರಿಗೆ ಹೇಗಾಗಿರಬೇಡ? ಆ ಹುಡುಗಿಯರು ಎದೆಗುಂದಲಿಲ್ಲ. ಅದೇ ಡಿಸೆಂಬರ್‌ನಲ್ಲಿ ನಮ್ಮ ಕ್ಯಾರಿಯ ವೇಕ್‌ಮೆಡ್ ಮೈದಾನದಲ್ಲೇ ವೇಕ್ ಫಾರೆಸ್ಟ್ ತಂಡವನ್ನು 1-0 ಸೋಲಿಸಿ 22ನೇ ಎನ್‌ಸಿಎಎ ಪ್ರಶಸ್ತಿ ಗೆದ್ದರು. ತಂಡ, ಸಹಾಯಕ ಕೋಚ್‌ಗಳು, ಕಾಲೇಜು, ಇವು ಗಟ್ಟಿ ಇದ್ದರೆ ಒಬ್ಬರು ಹೋದರೂ ನಡೆಯುತ್ತದೆ. ಹಾಗಾಗಿ ಭೇಟಿಗೆ ಹೋದಾಗ ಮಗಳು ಕೋಚ್‌ಗಿಂತ ಜಾಸ್ತಿ ಹೊತ್ತು ಹುಡುಗಿಯರ ಜೊತೆ ಕಳೆದಳು. ಊಟದ ಮೇಜಿನಲ್ಲಿ ಅವರು ಒಬ್ಬರನ್ನೊಬ್ಬರು ಹೇಗೆ ಮಾತಾಡಿಸುತ್ತಾರೆ, ಆಡಲು ಅವಕಾಶ ಸಿಗದವಳು ಹೇಗಿದ್ದಾಳೆ, ಇದನ್ನೇ ಗಮನಿಸು ಅಂತ ಹೇಳಿ ಕಳಿಸಿದ್ದೆ.

ಗಾಯದ ಬಗ್ಗೆಯೂ ಮುಚ್ಚುಮರೆ ಇಲ್ಲದೆ ಮಾತಾಡಿದೆವು. ಮೊಣಕಾಲಿನ ಎಸಿಎಲ್ ಅನ್ನುವ ಲಿಗಮೆಂಟ್ ಹರಿಯುವುದು ಹುಡುಗಿಯರಲ್ಲಿ ಹುಡುಗರಿಗಿಂತ ಹೆಚ್ಚು. ಸರ್ಜರಿ ಆದರೆ ಮೈದಾನಕ್ಕೆ ಮರಳಲು ಒಂಬತ್ತು ತಿಂಗಳು, ವರ್ಷ ಬೇಕು. ಮಗಳ ಕ್ಲಬ್ಬಿನಲ್ಲೇ ಇಂಥ ಹುಡುಗಿಯರಿದ್ದರು. ನಮ್ಮ ಮನೆಯವರು ಅವಳನ್ನು ಕೇಳಿದರು, "ಪುಟ್ಟಿ, ನಾಳೆ ಆಡೋಕೆ ಆಗದೇ ಹೋದರೂ ಈ ಕಾಲೇಜಿನಲ್ಲಿ ಖುಷಿಯಾಗಿ ಓದ್ತೀಯಾ?" ಇಲ್ಲಿ ಎಲ್ಲ ತಂದೆತಾಯಂದಿರೂ ಕೇಳುವ ಪ್ರಶ್ನೆಯೇ ಇದು. ಅವಳು ಎರಡು ದಿನ ತೆಗೆದುಕೊಂಡು ಇನ್ನೆರಡು ಹೆಸರು ಹೊಡೆದುಹಾಕಿದಳು. ಎರಡೂ ಆಟದಲ್ಲಿ ಹೆಸರಿರುವ ಕಾಲೇಜುಗಳೇ.

ಕೊನೆಗೆ ದುಡ್ಡು. ಪ್ರತಿ ಕಾಲೇಜಿನ ವೆಬ್‌ಸೈಟಿನಲ್ಲೂ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಇರಲೇಬೇಕು ಅಂತ ಕಾನೂನಿದೆ. ನಮ್ಮ ಆದಾಯ, ಉಳಿತಾಯ ಹಾಕಿದರೆ ನಮ್ಮ ಪಾಲಿಗೆ ಎಷ್ಟು ಬೀಳಬಹುದು ಅಂತ ಅಂದಾಜು ಸಿಗುತ್ತದೆ. ಡಿವಿಷನ್ 1ರಲ್ಲಿ ಸಿಗಬಹುದಾಗಿದ್ದ ಅರೆಬರೆ ಸ್ಕಾಲರ್‌ಶಿಪ್‌ಗಿಂತ, ಒಳ್ಳೆಯ ಮಾರ್ಕ್ಸ್‌ಗೆ ಮತ್ತು ಆದಾಯಕ್ಕೆ ತಕ್ಕಂತೆ ಡಿವಿಷನ್ 3 ಕಾಲೇಜು ಕೊಟ್ಟ ನೆರವೇ ನಮಗೆ ಜಾಸ್ತಿ ಬಂತು. ಎಲ್ಲರಿಗೂ ಹೀಗೇ ಆಗುತ್ತದೆ ಅಂತಲ್ಲ. ಲೆಕ್ಕ ಹಾಕದೆ ಯಾವುದನ್ನೂ ಬಿಡಬೇಡಿ.

ಹನ್ನೆರಡನೇ ಕ್ಲಾಸಿಗೆ ಮುಂಚಿನ ಬೇಸಿಗೆಯಲ್ಲಿ ಪ್ರಿ-ರೀಡ್ ಅಂತ ಒಂದು ಹಂತ ಬರುತ್ತದೆ. ಓದಿಗೆ ಹೆಸರಾದ ಕಾಲೇಜುಗಳಲ್ಲಿ ಇದು ಬಹಳ ಮುಖ್ಯ. ಮಾರ್ಕ್ಸ್, ಎಸ್‌ಎಟಿ ಪ್ರವೇಶ ಪರೀಕ್ಷೆಯ ಸ್ಕೋರ್, ಮುಂದಿನ ವರ್ಷ ಓದುವ ವಿಷಯಗಳ ಪಟ್ಟಿಯನ್ನು ಕೋಚ್ ಅಡ್ಮಿಷನ್ ಆಫೀಸಿಗೆ ಕೊಡುತ್ತಾರೆ. ಅವರು ನೋಡಿ, ಇವಳಿಗೆ ಸೀಟು ಸಿಗುವ ಸಂಭವ ಇದೆಯೋ ಇಲ್ಲವೋ ಅಂತ ಕೋಚ್‌ಗೆ ಹೇಳುತ್ತಾರೆ. ಅದು ಅಡ್ಮಿಷನ್ ಅಲ್ಲ. ಒಳ್ಳೆಯ ಉತ್ತರ ಬಂದ ಮೇಲೆ ಕೋಚ್ "ಅರ್ಲಿ ಡಿಸಿಷನ್‌ನಲ್ಲಿ ಅರ್ಜಿ ಹಾಕಿದರೆ ನನ್ನ ಬೆಂಬಲ ಇದೆ" ಅನ್ನುತ್ತಾರೆ. ಅರ್ಲಿ ಡಿಸಿಷನ್‌ನಲ್ಲಿ ಸೀಟು ಕೊಟ್ಟರೆ ಸೇರಲೇಬೇಕು. ಅದಕ್ಕೇ ಹಣದ ಮಾತು ಅದಕ್ಕಿಂತ ಮೊದಲೇ ಮುಗಿಯಬೇಕು. ನಾವು ಫಿನಾನ್ಷಿಯಲ್ ಏಡ್ ಆಫೀಸಿನ ಅಂದಾಜನ್ನು ಬರಹದಲ್ಲಿ ಪಡೆದ ಮೇಲೇ ಮಗಳು ಒಪ್ಪಿದ್ದು.

ಅದೇ 2024ರ ಶರತ್ಕಾಲದಲ್ಲಿ ಡಿವಿಷನ್ 1ರಲ್ಲಿ ಎಲ್ಲವೂ ಅಲುಗಾಡುತ್ತಿತ್ತು. ಆಟಗಾರರು ಕಾಲೇಜಿಗೆ ಸೇರುತ್ತೇವೆ ಅಂತ ಸಹಿ ಹಾಕುವ, ವರ್ಷಗಳಿಂದ ಇದ್ದ ನ್ಯಾಷನಲ್ ಲೆಟರ್ ಆಫ್ ಇಂಟೆಂಟ್ ಪದ್ಧತಿಯನ್ನು ಅಕ್ಟೋಬರ್‌ನಲ್ಲಿ ತೆಗೆದರು. ತಂಡದ ಮಿತಿ ಬರುತ್ತದೆ ಅನ್ನುವ ಸುದ್ದಿ ಇತ್ತು. ಮಗಳನ್ನು ಕರೆದಿದ್ದ ಒಬ್ಬ ಡಿವಿಷನ್ 1 ಕೋಚ್‌ಗೆ ಅವಳಿಗೆ ಜಾಗ ಇದೆ ಅಂತ ಖಚಿತವಾಗಿ ಹೇಳಲು ಆಗಲಿಲ್ಲ. ಅವರ ಕೈಯಲ್ಲೂ ಇರಲಿಲ್ಲ. ಮಗಳು ಅತ್ತಳು, ನಾನೂ ತಡೆಯಲಿಲ್ಲ. ಮಾರನೇ ವಾರ ಡಿವಿಷನ್ 3ರ ಕೋಚ್‌ಗೆ ತಾನೇ ಫೋನ್ ಮಾಡಿ ಹೂಂ ಅಂದಳು. ಕಾಲೇಜಿನ ಹೆಸರು ಇಲ್ಲಿ ಬೇಡ, ಅದು ಅವಳ ವಿಷಯ.

ಫೋನ್ ಇಟ್ಟ ಮೇಲೆ ಅವಳು ಮಾಡಿದ ಮೊದಲ ಕೆಲಸ, ಮಾತುಕತೆಯಲ್ಲಿದ್ದ ಉಳಿದ ಕೋಚ್‌ಗಳಿಗೆಲ್ಲ ಒಬ್ಬೊಬ್ಬರಿಗೂ ಬೇರೆ ಬೇರೆ ಪತ್ರ ಬರೆದು ತಿಳಿಸಿದ್ದು. ಅವರು ಇವಳಿಗಾಗಿ ಹಿಡಿದಿಟ್ಟ ಜಾಗಕ್ಕೆ ಇನ್ನೊಬ್ಬ ಹುಡುಗಿ ಕಾಯುತ್ತಿರುತ್ತಾಳೆ. ಅರ್ಲಿ ಡಿಸಿಷನ್ ಅರ್ಜಿಯ ನವೆಂಬರ್ 1ರ ಗಡುವಿಗೆ ಆಗ ಹೆಚ್ಚು ದಿನ ಉಳಿದಿರಲಿಲ್ಲ.