‘ಗೋ ಆಫ್’ ಎಂದರೆ ಆರುವುದೋ, ಮೊಳಗುವುದೋ: ಇಂಗ್ಲಿಷಿನ ನಾನಾರ್ಥಗಳೊಡನೆ ನನ್ನ ಅನುಭವ

ಅನುವಾದದ ಕೆಲಸವನ್ನು ಕೈಗೆತ್ತಿಕೊಂಡ ಆರಂಭದ ದಿನಗಳಲ್ಲಿ ಪತ್ತೇದಾರಿ ಕಥೆಯೊಂದನ್ನು ಕನ್ನಡಕ್ಕೆ ತರುತ್ತಿದ್ದಾಗ, ‘ದಿ ಅಲಾರ್ಮ್ ವೆಂಟ್ ಆಫ್’ ಎಂಬ ವಾಕ್ಯವನ್ನು ನಾನು ‘ಅಲಾರಂ ನಿಂತುಹೋಯಿತು’ ಎಂದು ಬರೆದಿದ್ದೆ. ‘ಆಫ್’ ಎಂದರೆ ಆರುವುದು, ನಿಲ್ಲುವುದು ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅದೇ ಕಥೆಯಲ್ಲಿ ಎರಡು ಪುಟ ಹಿಂದೆ ‘ದಿ ಲೈಟ್ಸ್ ವೆಂಟ್ ಆಫ್’ ಎಂದಿದ್ದುದನ್ನು ‘ದೀಪಗಳು ಆರಿದವು’ ಎಂದು ಸರಿಯಾಗಿಯೇ ಅನುವಾದಿಸಿದ್ದೆ. ಅಲಾರಂ ನಿಂತ ಮರುಕ್ಷಣವೇ ಕಾವಲುಗಾರ ಬೆಚ್ಚಿಬಿದ್ದು ಓಡಿದ್ದು ವಿಚಿತ್ರವಾಗಿ ಕಂಡರೂ, ಸದ್ದು ನಿಂತದ್ದರಿಂದಲೇ ಅವನಿಗೆ ಎಚ್ಚರವಾಗಿರಬೇಕೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕರಡನ್ನು ಓದಿದ ಹಿರಿಯ ಅನುವಾದಕರೊಬ್ಬರು ಆ ಸಾಲಿನ ಕೆಳಗೆ ಗೆರೆ ಎಳೆದು, ಪಕ್ಕದಲ್ಲಿ ‘ಮೊಳಗಿತು’ ಎಂಬ ಒಂದೇ ಪದವನ್ನು ಬರೆದು ಮರಳಿಸಿದರು.

ಆ ಒಂದು ಪದ ನನ್ನನ್ನು ನಿಘಂಟಿನ ಮುಂದೆ ಕೂರಿಸಿತು. ದೀಪ ‘ಗೋ ಆಫ್’ ಆದರೆ ಆರುತ್ತದೆ, ಅಲಾರಂ ಆದರೆ ಮೊಳಗುತ್ತದೆ, ಬಾಂಬ್ ಆದರೆ ಸಿಡಿಯುತ್ತದೆ, ಹಾಲು ಆದರೆ ಕೆಡುತ್ತದೆ, ಮನುಷ್ಯನಾದರೆ ಹೊರಟುಹೋಗುತ್ತಾನೆ. ಗೊತ್ತಿಲ್ಲದ ಪದ ಎದುರಾದರೆ ನಾವು ನಿಘಂಟು ತೆರೆಯುತ್ತೇವೆ. ಗೊತ್ತಿದೆ ಎಂದುಕೊಂಡ ಪದವಾದರೆ ತೆರೆಯುವುದೇ ಇಲ್ಲ. ನನ್ನ ತಪ್ಪುಗಳೆಲ್ಲ ಈ ಎರಡನೆಯ ಜಾತಿಯ ಪದಗಳಲ್ಲಿಯೇ ಆಗಿದ್ದವು.

ಮೊದಲು ನಾನು ಮಾಡಿದ್ದು ಬಹುಮಂದಿ ಮಾಡುವ ಕೆಲಸವನ್ನೇ. ‘ಗೆಟ್’, ‘ಪುಟ್’, ‘ಟೇಕ್’, ‘ಸೆಟ್’, ‘ರನ್’ ಎಂದು ಪುಟಕ್ಕೊಂದು ತಲೆಬರಹ ಹಾಕಿ, ಅವುಗಳ ಅರ್ಥಗಳನ್ನು ಒಂದರ ಕೆಳಗೊಂದು ಬರೆದು ಬಾಯಿಪಾಠ ಮಾಡತೊಡಗಿದೆ. ಮೂರು ತಿಂಗಳಲ್ಲಿ ದಪ್ಪ ನೋಟ್‌ಬುಕ್ ತುಂಬಿತೇ ಹೊರತು, ಓದುವಾಗ ಅದರಲ್ಲಿದ್ದ ಒಂದು ಅರ್ಥವೂ ಸಮಯಕ್ಕೆ ಒದಗಲಿಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೆಯ ಆವೃತ್ತಿಯಲ್ಲಿ ‘ಸೆಟ್’ ಎಂಬ ಒಂದು ಕ್ರಿಯಾಪದಕ್ಕೇ ಸುಮಾರು 430 ಅರ್ಥಗಳಿದ್ದವೆಂದೂ, ಮುಂದೆ ಪರಿಷ್ಕರಣೆಯ ಹೊತ್ತಿಗೆ ‘ರನ್’ ಕ್ರಿಯಾಪದ 645 ಅರ್ಥಗಳೊಂದಿಗೆ ಅದನ್ನು ಹಿಂದಿಕ್ಕಿತೆಂದೂ ತಿಳಿದ ದಿನ ಆ ನೋಟ್‌ಬುಕ್ಕನ್ನು ಮುಚ್ಚಿಟ್ಟೆ. ನಿಘಂಟುಕಾರರೇ ವರ್ಷಗಟ್ಟಲೆ ಎಣಿಸಬೇಕಾದುದನ್ನು ನಾನು ಬಾಯಿಪಾಠ ಮಾಡಹೊರಟಿದ್ದೆ.

ದಾರಿ ತೋರಿಸಿದ್ದು, ಆಶ್ಚರ್ಯವೆಂಬಂತೆ, ಕನ್ನಡವೇ. ಒಮ್ಮೆ ನನ್ನದೇ ಅನುವಾದವನ್ನು ತಿದ್ದುತ್ತಿದ್ದಾಗ ಒಂದೇ ಪುಟದಲ್ಲಿ ‘ಕೈಕೊಟ್ಟ’, ‘ಕೈಬಿಟ್ಟ’, ‘ಕೈಹಾಕಿದ’, ‘ಕೈಹಿಡಿದ’ ಎಂಬ ನಾಲ್ಕೂ ಪ್ರಯೋಗಗಳು ಕಣ್ಣಿಗೆ ಬಿದ್ದವು. ನಂಬಿದವನು ಕೈಕೊಡುವುದಕ್ಕೂ ಕೊಡುವ ಕ್ರಿಯೆಗೂ ಏನು ಸಂಬಂಧ? ಮಗುವನ್ನು ‘ನೋಡಿಕೊಳ್ಳುವುದು’ ಬರೀ ನೋಡುವುದಲ್ಲ. ಹಕ್ಕನ್ನು ‘ಬಿಟ್ಟುಕೊಡುವುದು’ ಬಿಡುವುದು, ಕೊಡುವುದು ಎರಡನ್ನೂ ಮೀರಿದ ಮತ್ತೊಂದು. ಇನ್ನು ‘ಹೊಡೆ’ ಎಂಬ ಧಾತುವನ್ನೇ ತೆಗೆದುಕೊಂಡರೆ, ಹರಟೆ ಹೊಡೆಯುವುದು, ಗೊರಕೆ ಹೊಡೆಯುವುದು, ಕಾಪಿ ಹೊಡೆಯುವುದು ಇವುಗಳಲ್ಲಿ ಎಲ್ಲಿಯೂ ಏಟಿಲ್ಲ. ಇವುಗಳ ಅರ್ಥಪಟ್ಟಿಯನ್ನು ನನಗೆ ಯಾರೂ ಕಲಿಸಿರಲಿಲ್ಲ. ಗೊರಕೆಯ ಜೊತೆಗೆ ಬಂದ ‘ಹೊಡೆ’ ಗೊರಕೆಯದ್ದಾಗಿಯೇ ಕಿವಿಗೆ ಬಿದ್ದಿತ್ತು. ಅಂದರೆ ನಾನು ಕಲಿತದ್ದು ಪದವನ್ನಲ್ಲ, ಪದ ಮತ್ತು ಅದರ ಜೊತೆಗಾರರನ್ನು.

ಅಂದಿನಿಂದ ಹೊಸ ನೋಟ್‌ಬುಕ್ಕಿನಲ್ಲಿ ಕ್ರಿಯಾಪದದ ತಲೆಬರಹವನ್ನೇ ಕೈಬಿಟ್ಟೆ. ಓದಿನಲ್ಲಿ ಸಿಕ್ಕಿದ ಇಡೀ ವಾಕ್ಯವನ್ನು ಬರೆದು, ಯಾರು ಅಥವಾ ಯಾವುದು ಆ ಕ್ರಿಯೆಯನ್ನು ಮಾಡುತ್ತಿದೆ ಮತ್ತು ಯಾವುದರ ಮೇಲೆ ಎಂಬ ಎರಡನ್ನಷ್ಟೇ ಗುರುತಿಸತೊಡಗಿದೆ. ಮೂಗು ‘ರನ್’ ಆದರೆ ಸೋರುತ್ತದೆ, ಒಗೆದ ಬಟ್ಟೆಯ ಬಣ್ಣ ‘ರನ್’ ಆದರೆ ಬಿಡುತ್ತದೆ, ಯಂತ್ರವಾದರೆ ಓಡುತ್ತದೆ. ಮನುಷ್ಯ ಸಂಸ್ಥೆಯನ್ನು ‘ರನ್’ ಮಾಡಿದರೆ ನಡೆಸುತ್ತಾನೆ, ಅಧಿಕಾರದ ಹುದ್ದೆಗಾಗಿ ‘ರನ್’ ಮಾಡಿದರೆ ಚುನಾವಣೆಗೆ ನಿಲ್ಲುತ್ತಾನೆ. ಅವರು ಓಡುವ ಚುನಾವಣೆಗೆ ನಾವು ನಿಲ್ಲುತ್ತೇವೆ ಎಂಬುದು ಆ ನೋಟ್‌ಬುಕ್ಕಿನಲ್ಲಿ ನನಗೆ ಅತ್ಯಂತ ಪ್ರಿಯವಾದ ನಮೂದು. ಸೂರ್ಯ ‘ಸೆಟ್’ ಆದರೆ ಮುಳುಗುವುದು, ಸಿಮೆಂಟ್ ‘ಸೆಟ್’ ಆದರೆ ಗಟ್ಟಿಯಾಗುವುದು, ಮುರಿದ ಮೂಳೆಯನ್ನು ‘ಸೆಟ್’ ಮಾಡಿದರೆ ಕೂಡಿಸುವುದು. ಹೀಗೆ ಬರೆದದ್ದು ಮರೆಯಲಿಲ್ಲ, ಏಕೆಂದರೆ ನೆನಪಿಡಬೇಕಾದದ್ದು ಅಮೂರ್ತವಾದ ಅರ್ಥವಲ್ಲ, ಸೋರುವ ಮೂಗು.

ಫ್ರೇಸಲ್ ವರ್ಬ್‌ಗಳ, ಅಂದರೆ ಕ್ರಿಯಾಪದಕ್ಕೆ ಪುಟ್ಟ ಪದ ಸೇರಿ ಬೇರೆಯೇ ಅರ್ಥ ಕೊಡುವ ಜೋಡಿಗಳ, ವಿಷಯದಲ್ಲಿ ಇಷ್ಟೇ ಸಾಲಲಿಲ್ಲ. ಕ್ರಿಯಾಪದದ ಬೆನ್ನಿಗೆ ಬರುವ ‘ಅಪ್’, ‘ಔಟ್’, ‘ಆಫ್’ ಮುಂತಾದ ಪುಟ್ಟ ಪದಗಳನ್ನು ನಾನು ದಿಕ್ಕುಸೂಚಕಗಳೆಂದೇ ಓದುತ್ತಿದ್ದೆ. ಆದ್ದರಿಂದ ‘ಈಟ್ ಅಪ್’ ಎಂಬಲ್ಲಿ ಮೇಲೇನಿದೆ ಎಂದು ತಡಕಾಡುತ್ತಿದ್ದೆ. ಅಲ್ಲಿರುವುದು ಮೇಲಲ್ಲ, ಮುಕ್ತಾಯ. ‘ಈಟ್ ಅಪ್’, ‘ಡ್ರಿಂಕ್ ಅಪ್’, ‘ಯೂಸ್ ಅಪ್’ ಎಂಬವುಗಳ ‘ಅಪ್’ ನಮ್ಮ ‘ತಿಂದುಬಿಡು’, ‘ಕುಡಿದುಬಿಡು’ ಎಂಬಲ್ಲಿನ ‘ಬಿಡು’ ಮಾಡುವ ಕೆಲಸವನ್ನೇ ಬಹುಮಟ್ಟಿಗೆ ಮಾಡುತ್ತದೆ, ಮತ್ತು ಆ ‘ಬಿಡು’ವಿನಲ್ಲಿಯೂ ಯಾವುದನ್ನೂ ಬಿಡುವುದಿಲ್ಲ. ಎಲ್ಲ ‘ಅಪ್’ಗಳೂ ಇಷ್ಟು ವಿಧೇಯವಲ್ಲ, ‘ಪುಟ್ ಅಪ್ ವಿತ್’ ಎಂದರೆ ಸಹಿಸಿಕೊಳ್ಳುವುದು ಏಕೆ ಎಂದು ವಿವರಿಸುವ ಸೂತ್ರವೊಂದು ನನಗೆ ಸಿಕ್ಕಿಲ್ಲ. ಅಂಥವನ್ನು ‘ಕಂಡುಹಿಡಿ’ಯನ್ನು ಕಲಿತ ಹಾಗೆ ಇಡಿಯಾಗಿಯೇ ಕಲಿತೆ.

ಆ ಪುಟ್ಟ ಪದ ನಿಲ್ಲುವ ಜಾಗವೂ ಅರ್ಥವನ್ನು ತಿರುಗಿಸಬಲ್ಲದೆಂಬುದನ್ನು ತಿಳಿಯಲು ನನಗೆ ಇನ್ನೂ ಹೆಚ್ಚು ಕಾಲ ಹಿಡಿಯಿತು. ‘ಐ ಸಾ ಥ್ರೂ ಇಟ್’ ಎಂದರೆ ಅದರ ಸೋಗನ್ನು ಕಂಡುಕೊಂಡೆ ಎಂದರ್ಥ. ‘ಐ ಸಾ ಇಟ್ ಥ್ರೂ’ ಎಂದರೆ ಅದನ್ನು ಕೊನೆಮುಟ್ಟಿಸಿದೆ. ಅದೇ ನಾಲ್ಕು ಪದಗಳು, ಬದಲಾದದ್ದು ಕೂರುವ ಜಾಗ ಮಾತ್ರ. ಬರೆಯುವಾಗ ನಿಘಂಟಿನಲ್ಲಿ ನೋಡು ಎನ್ನಲು ‘ಲುಕ್ ಇಟ್ ಅಪ್’ ಎನ್ನಬೇಕು, ‘ಲುಕ್ ಅಪ್ ಇಟ್’ ಎನ್ನುವಂತಿಲ್ಲ, ಏಕೆಂದರೆ ಇಲ್ಲಿ ಕರ್ಮವು ಸರ್ವನಾಮವಾಗಿದ್ದರೆ ಅದು ನಡುವೆಯೇ ಬರಬೇಕು. ‘ಲುಕ್ ಆಫ್ಟರ್ ಹಿಮ್’ ಎಂಬಲ್ಲಾದರೋ ನಡುವೆ ಯಾರನ್ನೂ ಬಿಟ್ಟುಕೊಳ್ಳುವುದಿಲ್ಲ.

ಇದೆಲ್ಲ ನನಗೆ ಇಷ್ಟು ತಡವಾಗಿ ಎದುರಾದದ್ದಕ್ಕೆ ಕಾರಣ, ಇಂಗ್ಲಿಷನ್ನು ನಾನು ಪಠ್ಯಪುಸ್ತಕದಿಂದ ಕಲಿತದ್ದು. ಪುಸ್ತಕದ ಇಂಗ್ಲಿಷ್ ಲ್ಯಾಟಿನ್ ಮೂಲದ ಒಂಟಿ ಪದಗಳನ್ನು ಧಾರಾಳವಾಗಿ ಬಳಸುತ್ತದೆ. ‘ಪೋಸ್ಟ್‌ಪೋನ್’, ‘ಟಾಲರೇಟ್’, ‘ಎಕ್ಸ್‌ಟಿಂಗ್ವಿಶ್’ ನನಗೆ ನೀರು ಕುಡಿದಷ್ಟು ಸಲೀಸಾಗಿದ್ದವು. ಆಡುವ ಇಂಗ್ಲಿಷ್ ಅದೇ ಕೆಲಸಗಳಿಗೆ ‘ಪುಟ್ ಆಫ್’, ‘ಪುಟ್ ಅಪ್ ವಿತ್’, ‘ಪುಟ್ ಔಟ್’ ಎನ್ನುತ್ತದೆ. ಕಠಿಣವೆನ್ನುವ ಪದ ಬಂದರೆ ನಿರಾಳ, ಮಗು ಆಡುವ ಪದ ಬಂದರೆ ಕಂಗಾಲು. ಇಂಥ ಕೂಡುಕ್ರಿಯಾಪದಗಳೇ ಪರಭಾಷಿಕರಿಗೆ ಅತಿ ದೊಡ್ಡ ತೊಡಕೆಂದು ಸ್ಯಾಮ್ಯುಯಲ್ ಜಾನ್ಸನ್ 1755ರ ತಮ್ಮ ನಿಘಂಟಿನ ಮುನ್ನುಡಿಯಲ್ಲಿಯೇ ಒಪ್ಪಿಕೊಂಡಿದ್ದಾರೆಂಬುದನ್ನು ಓದಿದಾಗ ನನಗೆ ಸ್ವಲ್ಪ ಸಮಾಧಾನವಾದದ್ದು ನಿಜ.

ಜೊತೆಗಾರರನ್ನು ನೋಡುವ ಈ ಕ್ರಮವೂ ಒಮ್ಮೊಮ್ಮೆ ಕೈಕೊಡುತ್ತದೆ. ಇತ್ತೀಚೆಗೆ ಕಾದಂಬರಿಯೊಂದರಲ್ಲಿ, ಅನಾಥ ಹುಡುಗಿಯೊಬ್ಬಳು ವೃದ್ಧ ದಂಪತಿಯಿಂದ ‘ಟೇಕನ್ ಇನ್’ ಆದಳು ಎಂಬ ವಾಕ್ಯ ಬಂತು. ‘ಟೇಕ್ ಇನ್’ ಎಂದರೆ ಮನೆಯೊಳಗೆ ಸೇರಿಸಿಕೊಂಡು ಆಸರೆ ಕೊಡುವುದೂ ಹೌದು, ನಂಬಿಸಿ ಮೋಸಗೊಳಿಸುವುದೂ ಹೌದು. ಕರ್ತೃ, ಕರ್ಮ ಎರಡನ್ನೂ ಗುರುತಿಸಿದರೂ ಪ್ರಯೋಜನವಾಗಲಿಲ್ಲ, ಏಕೆಂದರೆ ಲೇಖಕಿ ಎರಡೂ ಅರ್ಥಗಳನ್ನು ಬೇಕೆಂದೇ ತೂಗಿಬಿಟ್ಟಿದ್ದರು. ಆ ದಂಪತಿಯ ಬಣ್ಣ ಬಯಲಾಗುವುದು ನೂರು ಪುಟಗಳ ಅನಂತರ. ‘ಆಸರೆ ಕೊಟ್ಟರು’ ಎಂದರೆ ಸಂಶಯ ಸಾಯುತ್ತಿತ್ತು, ‘ವಂಚಿಸಿದರು’ ಎಂದರೆ ಕಥೆಯೇ ಸಾಯುತ್ತಿತ್ತು. ವಾರವಿಡೀ ಆ ಸಾಲನ್ನು ಖಾಲಿ ಬಿಟ್ಟು ಮುಂದಿನ ಅಧ್ಯಾಯಗಳನ್ನು ಮುಗಿಸಿದೆ. ಕೊನೆಗೆ, ‘ಆ ಮುದುಕ ಮುದುಕಿ ಅವಳನ್ನು ಒಳಗೆ ಹಾಕಿಕೊಂಡರು’ ಎಂದು ಬರೆದೆ.